ಬಳುಕುಗಾಲುವೆಯ ಮೂರು ಬಾಗಿಲು

ಬಹಳ ಕಾಲದ ಹಿಂದೆ ನೀರಮಾಲೆ ಎಂಬ ರಾಜ್ಯವಿತ್ತು. ಆ ರಾಜ್ಯದಲ್ಲಿ ರಸ್ತೆಗಳೇ ಇರಲಿಲ್ಲ, ಬರೀ ಕಾಲುವೆಗಳು. ಸಂತೆಗೆ ಹೋಗುವುದು ದೋಣಿಯಲ್ಲಿ, ದಿಬ್ಬಣ ಹೋಗುವುದು ದೋಣಿಯಲ್ಲಿ, ರಾಜನ ಆನೆ ಗಾಳಿ ಸೇವನೆಗೆ ಹೋಗುವುದೂ ದೋಣಿಯಲ್ಲೇ.

ಕಾಲುವೆ ಗುಡ್ಡ ಹತ್ತುವ ಕಡೆ ನೀರನ್ನು ಮೆಟ್ಟಿಲು ಮೆಟ್ಟಿಲಾಗಿ ನಿಲ್ಲಿಸಿ, ಮೆಟ್ಟಿಲಿಗೊಂದು ಮರದ ಬಾಗಿಲು ಇಟ್ಟಿದ್ದರು. ಬಾಗಿಲು ದಾಟಿದ ಅಂಬಿಗ ದೋಣಿಯಿಂದಿಳಿದು, ಹಿಂದೆ ಹೋಗಿ, ಅದನ್ನು ಮುಚ್ಚಿಯೇ ಮುಂದೆ ಹೋಗಬೇಕು. ಮುಚ್ಚದಿದ್ದರೆ ಮೇಲಿನ ನೀರೆಲ್ಲ ಕೆಳಗೆ ಹರಿದು ದೋಣಿ ಕೆಸರಿನಲ್ಲಿ ಕೂರುತ್ತದೆ. ಅಂಬಿಗರ ಮಕ್ಕಳು ಅಆಇಈಗೆ ಮೊದಲು ಕಲಿಯುತ್ತಿದ್ದದ್ದು ಇದನ್ನೇ.

ಆ ರಾಜ್ಯದಲ್ಲಿ ದ್ಯಾವಣ್ಣ ಎಂಬ ಅಂಬಿಗ ಯುವಕನಿದ್ದ. ತಂದೆತಾಯಿ ಇಲ್ಲದ ಅವನನ್ನು ಸಾಕಿದವಳು ಅಜ್ಜಿ ಸಂಕಮ್ಮ. ಕೆಲಸದಲ್ಲಿ ಚುರುಕು, ಕೊಂಚ ಅವಸರ ಹೆಚ್ಚು. ಸುಗ್ಗಿ ಮುಗಿದ ಮೇಲೆ ರಾಜ ಅಂಬಿಗರಿಗೆಲ್ಲ ಒಂದು ತಿಂಗಳು ಬಿಡುವು ಕೊಡುತ್ತಿದ್ದ. ಆ ವರ್ಷ ದ್ಯಾವಣ್ಣ ತನ್ನ ಉದ್ದನೆಯ ಸಣಕಲು ದೋಣಿಗೆ ಚಾಪೆಯ ಚಾವಣಿ ಹೊದಿಸಿ, ಒಳಗೆ ಒಲೆಯಿಟ್ಟು, ಹಾಸಿಗೆ ಹಾಸಿದ.

"ಅಜ್ಜಿ, ಈ ಸಲ ನೀನು ಸುಮ್ನೆ ಕೂತ್ಕೊ. ಎಲ್ಲಿಗೆ ಹೋಗೋಣ ಹೇಳು."

"ಮೇಲ್ಮಡುವಿಗೆ," ಅಂದಳು ಸಂಕಮ್ಮ, ಯೋಚಿಸದೆ. "ತವರು ಬಿಟ್ಟು ಅರವತ್ತು ವರ್ಷ ಆಯ್ತು. ನನ್ನ ತಂಗಿ ನಿಂಗಿ ಅಲ್ಲಿದ್ದಾಳೆ. ಅವಳ ಮುಖ ಮರೆಯೋಕೆ ಮುಂಚೆ ಒಂದ್ಸಲ ನೋಡ್ಬೇಕು ಮಗಾ."

ಮೇಲ್ಮಡುವಿಗೆ ಮೂರು ದಾರಿ. ನೆಟ್ಟಗಾಲುವೆಯಲ್ಲಿ ಒಂದು ದಿನ. ದೀಪಗಾಲುವೆಯಲ್ಲಿ ಆರು ದಿನ. ದಡದುದ್ದಕ್ಕೂ ಅರಮನೆಗಳು, ಆದರೆ ಗದ್ದಲವೋ ಗದ್ದಲ. ಬಳುಕುಗಾಲುವೆಯಲ್ಲಿ ಹನ್ನೆರಡು ದಿನ. ಅದರ ಮೂರು ಬಾಗಿಲುಗಳಲ್ಲಿ ಮೂರು ಮೃಗಗಳು ಕೂತಿವೆಯೆಂದು ಆ ಕಡೆಗೆ ಯಾರೂ ಹೋಗುತ್ತಿರಲಿಲ್ಲ.

ಮೂರೂ ಕವಲೊಡೆಯುವ ಕಡೆ ಬಿರುಸಯ್ಯನೆಂಬ ಮಾಯಾವಿ ಕೂತಿದ್ದ. ವಯಸ್ಸು ಮುನ್ನೂರು, ನೋಡಲು ಇಪ್ಪತ್ತು. ನೆಟ್ಟಗಾಲುವೆ ಅವನದೇ. ಅದರಲ್ಲಿ ಹೋದವರ ನೆನಪುಗಳನ್ನು ಕುಡಿಕೆಗಳಲ್ಲಿ ತುಂಬಿಟ್ಟು, ದಿನಾ ಬೆಳಿಗ್ಗೆ ಒಂದೊಂದು ಕುಡಿದು ಅವನು ಹರೆಯದಲ್ಲಿ ಉಳಿದಿದ್ದ. ಹೋದವರು ಯಾಕೆ ಬಂದೆವೆಂದು ತಿಳಿಯದೆ ದಡದಲ್ಲಿ ತಲೆ ಕೆರೆಯುತ್ತ ನಿಲ್ಲುತ್ತಿದ್ದರು. ಹರಿಯುವ ನೀರು ಅವನ ಮಾತು ಕೇಳುತ್ತಿತ್ತು. ಕೆಸರು ಮಾತ್ರ ಕೇಳುತ್ತಿರಲಿಲ್ಲ.

"ನನ್ನ ಕಾಲುವೇಲಿ ಬರೋದು ಬಿಡೋದು ನಿಮ್ಮಿಷ್ಟ ತಮ್ಮ," ಅಂದ ಬಿರುಸಯ್ಯ. "ಹಿರಿಯರು ಬಂದಿದ್ದಾರೆ, ವೀಳ್ಯ ಆದರೂ ತಗೊಳ್ಳಿ."

ಹೊರಡುವ ಅವಸರದಲ್ಲಿ ದ್ಯಾವಣ್ಣ ಅಜ್ಜಿಯ ಪರವಾಗಿ ಕೈ ಚಾಚಿದ.

"ಲೋ, ಲೋ," ಅಂದಳು ಸಂಕಮ್ಮ. ಅಷ್ಟರಲ್ಲಿ ವೀಳ್ಯ ಅವನ ಅಂಗೈಯಲ್ಲಿತ್ತು. "ವೀಳ್ಯ ಹಿಡಿದರೆ ಒಪ್ಪಿದ ಹಾಗಲ್ವೇನೋ. ಏನಂತ ಒಪ್ಪಿದೆ, ಕೇಳಿದೆಯಾ?"

ಬಿರುಸಯ್ಯ ನಕ್ಕ. "ಅಜ್ಜಿಯ ನೆನಪು ನನಗೆ, ಅಂತ ಒಪ್ಪಿದ. ಯಾವ ದಾರೀಲಿ ಹೋದರೂ ಸರಿ, ದಿನಕ್ಕೊಂದಿಷ್ಟು ನನ್ನ ಕುಡಿಕೆಗೆ ಬಂದು ಬೀಳುತ್ತೆ. ಹನ್ನೆರಡನೇ ದಿನ ನಾನೇ ಬಂದು ಕೊನೇ ತೊಟ್ಟು ತಗೊಂಡು ಹೋಗ್ತೀನಿ."

ದ್ಯಾವಣ್ಣ ಅಜ್ಜಿಯ ಕಡೆ ತಿರುಗಿದ. "ಅಜ್ಜಿ, ಆರು ದಿನದ ದಾರೀಲಿ ಹೋಗೋಣ. ತಂಗೀನ ನೋಡೋ ಹೊತ್ತಿಗೆ ಅರ್ಧ ನೆನಪಾದರೂ ಉಳಿದಿರುತ್ತೆ."

"ಆ ಗದ್ದಲದಲ್ಲಿ ನನ್ನ ಮಾತು ನನಗೇ ಕೇಳ್ಸೋಲ್ಲ. ನಾನು ಮದುವೆಯಾಗಿ ಇಳಿದು ಬಂದದ್ದು ಬಳುಕುಗಾಲುವೇಲಿ. ಮೇಲಿನ ಬಾಗಿಲಲ್ಲಿ ಅತ್ತಿದ್ದೆ, ನಡುವಿನದರಲ್ಲಿ ಉಂಡಿದ್ದೆ, ಕೆಳಗಿನದರಲ್ಲಿ ನಕ್ಕಿದ್ದೆ. ಹನ್ನೆರಡು ದಿನ ನಿಧಾನವಾಗಿ ಹೋಗೋಣ. ನಾನು ಹೇಳ್ತಾ ಬರ್ತೀನಿ, ನೀನು ಇಟ್ಕೊ."

ದ್ಯಾವಣ್ಣ ವೀಳ್ಯವನ್ನು ನೀರಿಗೆಸೆದು, ಬಿದಿರು ಗಳು ಊರಿ, ದೋಣಿಯನ್ನು ಬಳುಕುಗಾಲುವೆಗೆ ತಿರುಗಿಸಿದ.

ಎಂಥ ಕಾಲುವೆ ಅದು! ಒಂದು ಹೊಂಗೆಮರವನ್ನು ಬೆಳಿಗ್ಗೆ ಎಡಕ್ಕೆ ಕಂಡರೆ ಸಂಜೆ ಬಲಕ್ಕೆ ಕಾಣಬೇಕು, ಹಾಗೆ ಸುತ್ತುತ್ತಿತ್ತು. ಸಂಕಮ್ಮ ಬದನೆಕಾಯಿ ಸುಡುತ್ತ ಹೇಳುತ್ತಿದ್ದಳು. ದ್ಯಾವಣ್ಣ ಗಳು ಹಾಕುತ್ತ ಕೇಳುತ್ತಿದ್ದ.

ನಾಲ್ಕನೆಯ ದಿನ ಮೊದಲ ಬಾಗಿಲು ಬಂತು. ಬಾಗಿಲಿಗೆ ಅಡ್ಡವಾಗಿ ಕೋಡಿರುವ ಮೊಸಳೆ ಮಲಗಿತ್ತು.

"ಈ ಬಾಗಿಲಲ್ಲಿ ನೀವು ಬಿಟ್ಟುಹೋದದ್ದೇನು? ಕೊಟ್ಟು ದಾಟಿ," ಅಂತು ಮೊಸಳೆ.

"ನಗು ಬಿಟ್ಟು ಹೋಗಿದ್ದೆ," ಅಂದಳು ಸಂಕಮ್ಮ. "ಗಂಡನ ಮುಖ ನೋಡಬೇಡ, ತಲೆ ತಗ್ಗಿಸಿರು, ಪೇಟ ಕಂಡ ಕಡೆ ಕೈ ಮುಗಿ ಅಂತ ಅಮ್ಮ ಹೇಳಿ ಕಳಿಸಿದ್ದಳು. ಇಲ್ಲಿ ಗಾಳಿ ಬೀಸಿ ಇವನ ತಾತನ ಪೇಟ ನೀರಿಗೆ ಬಿತ್ತು. ಅದರೊಳಗೆ ಒಂದು ಬಾತುಕೋಳಿ ಹತ್ತಿ ಕೂತಿತು. ತಲೆ ತಗ್ಗಿಸಿ ಕೂತಿದ್ದ ನಾನು ಬಾತುಕೋಳಿಗೇ ಕೈ ಮುಗಿದು, ಚೆನ್ನಾಗಿ ಬಾಳಿಸಿ ಅಂತ ಕೇಳ್ಕೊಂಡೆ."

"ಅದೇನಂತು?" ಎಂದಿತು ಮೊಸಳೆ.

"ಕ್ವಾಕ್ ಅಂತು. ಇವನ ತಾತ ಇದ್ದಷ್ಟು ದಿನ ನಾನು ಏನು ಕೇಳಿದರೂ ಅದನ್ನೇ ಹೇಳ್ತಿದ್ದರು."

ಮೊಸಳೆ ಹೊಟ್ಟೆ ಮೇಲಾಗಿ ಉರುಳಿ ಉರುಳಿ ನಕ್ಕಿತು. ದಾರಿ ಬಿಟ್ಟಿತು. ದ್ಯಾವಣ್ಣ ಸರಸರನೆ ಮುಂದಕ್ಕೆ ಗಳು ಹಾಕಿದ.

"ಹಿಂದಿನ ಬಾಗಿಲು ಮುಚ್ಚಿದೆಯಾ?" ಅಂದಳು ಸಂಕಮ್ಮ.

ಅವನು ನಾಲಿಗೆ ಕಚ್ಚಿಕೊಂಡು ವಾಪಸ್ಸು ಹೋಗಿ ಮುಚ್ಚಿ ಬಂದ.

ಎಂಟನೆಯ ದಿನ ಎರಡನೆಯ ಬಾಗಿಲು. ಅದರ ಮೇಲೆ ಕಬ್ಬಿಣದ ಕೊಕ್ಕಿನ ಕೊಕ್ಕರೆ ನಿಂತಿತ್ತು. "ಈ ಬಾಗಿಲಲ್ಲಿ ನೀವು ಬಿಟ್ಟುಹೋದದ್ದೇನು? ಕೊಟ್ಟು ದಾಟಿ."

ಸಂಕಮ್ಮ ಬೆಪ್ಪಾಗಿ ನೋಡಿದಳು. ಅಷ್ಟು ಹೊತ್ತಿಗೆ ಅವಳಿಗೆ ಗಂಡನ ಹೆಸರು ಮರೆತಿತ್ತು, ಊರಿನ ಹೆಸರು ಮರೆತಿತ್ತು. "ಏನೋ ಗಂಟು ಕಟ್ಕೊಂಡು ಬಂದೆ. ಯಾಕೆ ಅಂತ ಗೊತ್ತಿಲ್ಲ." ಆದರೆ ಗಂಟು ಬಿಚ್ಚಿದ ಕೂಡಲೇ ಕೈಗಳಿಗೆ ಗೊತ್ತಾಯಿತು. ಅವು ಅವಲಕ್ಕಿ ನೆನೆಸಿದವು, ಬೆಲ್ಲ ಕುಟ್ಟಿದವು, ಕಾಯಿ ತುರಿದವು, ಬೆರೆಸಿ, ಅಂದು ಇಲ್ಲಿ ಉಂಡಿದ್ದ ಉಂಡೆಯನ್ನೇ ಮಾಡಿ ಕೊಕ್ಕರೆಗೆ ಚಾಚಿದವು. ಕೊಕ್ಕರೆ ತಿಂದು, ಕಣ್ಣು ಮುಚ್ಚಿ, ಇನ್ನೊಂದು ಉಂಡೆ ಕೇಳಿತು. ಆಮೇಲೆ ದಾರಿ ಬಿಟ್ಟಿತು.

ದಾಟಿದ ಮೇಲೆ ಸಂಕಮ್ಮ ಕೇಳಿದಳು: "ಹಿಂದಿನ ಬಾಗಿಲು ಮುಚ್ಚಿದೆಯಾ, ನಿನ್ನ ಹೆಸರೇನೋ, ಮಗಾ?"

"ದ್ಯಾವಣ್ಣ, ಅಜ್ಜಿ. ಮುಚ್ಚಿ ಬರ್ತೀನಿ," ಅಂದ ಅವನು.

ಹನ್ನೆರಡನೆಯ ದಿನ ಮಧ್ಯಾಹ್ನ ಮೂರನೆಯ ಬಾಗಿಲು ಕಂಡಿತು. ಅದೇ ಹೊತ್ತಿಗೆ ಹಿಂದೆ ದೂರದಲ್ಲಿ ಬಿರುಸಯ್ಯನ ದೋಣಿಯೂ ಕಂಡಿತು. ಗಳು ಇಲ್ಲ, ಹುಟ್ಟು ಇಲ್ಲ, ನೀರೇ ಅದನ್ನು ಹೊತ್ತು ತರುತ್ತಿತ್ತು. ದೋಣಿಯ ತುಂಬ ಕುಡಿಕೆಗಳು.

ಬಾಗಿಲ ಮುಂದೆ ಬಂಡೆಯಷ್ಟು ದೊಡ್ಡ ಆಮೆ. "ಈ ಬಾಗಿಲಲ್ಲಿ ನೀವು ಬಿಟ್ಟುಹೋದದ್ದೇನು? ಕೊಟ್ಟು ದಾಟಿ."

"ನಾನು ಇಲ್ಲಿಗೆ ಯಾವತ್ತೂ ಬಂದಿಲ್ಲವಲ್ಲ," ಅಂದಳು ಸಂಕಮ್ಮ. ಆಮೇಲೆ ದ್ಯಾವಣ್ಣನನ್ನು ನೋಡಿ, "ಯಾರಪ್ಪ ನೀನು? ದೋಣಿ ಚೆನ್ನಾಗಿ ನಡೆಸ್ತೀಯ," ಅಂದಳು.

ದ್ಯಾವಣ್ಣ ಅವಳ ಪಕ್ಕದಲ್ಲಿ ಕೂತ. ಹನ್ನೆರಡು ದಿನ ಅವಳು ಕೊಟ್ಟದ್ದು ಅವನ ಹತ್ತಿರವಿತ್ತು. "ಇಲ್ಲಿ ಒಬ್ಬಳು ಮದುವಣಗಿತ್ತಿ ಇಳಿದು ಹೋದಳು," ಅಂದ. "ಐದು ವರ್ಷದ ತಂಗಿ ದಡದ ಮೇಲೆ ಓಡುತ್ತ ಬಂದಳು, ಅಕ್ಕ, ನಾನೂ ಬರ್ತೀನಿ ಅಂತ. ಓಡುವಾಗ ಒಂದು ಕಾಲಿನ ಗೆಜ್ಜೆ ಬಿದ್ದುಹೋಯಿತು. ಬಾಗಿಲು ಮುಚ್ಚಿತು. ಅಕ್ಕನಿಗೆ ಬಹಳ ಹೊತ್ತು ಒಂದೇ ಗೆಜ್ಜೆಯ ಸದ್ದು ಕೇಳ್ತಾ ಇತ್ತು." ಹೇಳುತ್ತ ಹೇಳುತ್ತ ಅವನು ಅತ್ತುಬಿಟ್ಟ. ತನ್ನನ್ನು ಸಾಕಿದವಳಿಗೆ ತಾನು ಯಾರೆಂದು ತಿಳಿಯದಲ್ಲ ಎಂದು ಅತ್ತ, ತಾನು ಕೈ ಚಾಚಿದೆನಲ್ಲ ಎಂದು ಅತ್ತ.

"ಅವಳು ಬಿಟ್ಟುಹೋದ ಕಣ್ಣೀರು ಇದೇ," ಅಂತು ಆಮೆ. ದಾರಿ ಬಿಟ್ಟಿತು.

ದೋಣಿ ದಾಟಿತು. ಬಿರುಸಯ್ಯ ಕೂಗಳತೆಯಲ್ಲಿದ್ದ. ಮುಂದೆ, ತಿರುವಿನಾಚೆ, ಮೇಲ್ಮಡುವಿನ ಸೋಪಾನ ಕಾಣುತ್ತಿತ್ತು. ಹತ್ತು ಸಲ ಗಳು ಹಾಕಿದರೆ ತಲುಪಬಹುದು. ದ್ಯಾವಣ್ಣ ಗಳು ಎತ್ತಿದ. ಯಾವುದೋ ಒಂದು ಮಾತಿಗಾಗಿ ಅವನ ಕಿವಿ ಕಾದಿತ್ತು. ಸಂಕಮ್ಮ ಏನೂ ಕೇಳಲಿಲ್ಲ. ಸುಮ್ಮನೆ ನೀರು ನೋಡುತ್ತಿದ್ದಳು.

ಅವನು ಗಳು ಕೆಳಗಿಟ್ಟ. ದಡಕ್ಕೆ ಹಾರಿ, ಹಿಂದಕ್ಕೆ ಓಡಿ, ಮಾಯಾವಿಯ ಎದುರಿಗೇ ಬಾಗಿಲಿಗೆ ಬೆನ್ನು ಕೊಟ್ಟು ತಳ್ಳಿ ಮುಚ್ಚಿದ.

"ತೆರೆಯೋ," ಅಂದ ಬಿರುಸಯ್ಯ. "ಮಾತು ಒಪ್ಪಿದವನು ನೀನೇ."

"ತೆರೀತೀನಿ ಸ್ವಾಮಿ. ಒಂದು ಹೇಳಿ. ಕೆಳಗಿನ ಎರಡು ಬಾಗಿಲು ದಾಟಿ ಬಂದಿರಲ್ಲ, ಮುಚ್ಚಿದಿರಾ?"

"ಬಾಗಿಲು ಮುಚ್ಚೋಕೆ ನಾನೇನು ಅಂಬಿಗನಾ?"

ಆಗಲೇ ಅವನ ದೋಣಿ ಒಂದು ಗೇಣು ಇಳಿದಿತ್ತು. ನೋಡುನೋಡುತ್ತ ಒಂದು ಮೊಳ ಇಳಿಯಿತು, ಒಂದು ಆಳುದ್ದ ಇಳಿಯಿತು. ಮೇಲಿನಿಂದ ಬರುವ ನೀರು ನಿಂತಿತ್ತು, ಇದ್ದ ನೀರೆಲ್ಲ ತೆರೆದ ಎರಡು ಬಾಗಿಲುಗಳಲ್ಲಿ ಹರಿದುಹೋಗಿ ದೋಣಿ ಕೆಸರಿನಲ್ಲಿ ಪಚಕ್ಕನೆ ಕೂತು ವಾಲಿತು. ಬಿರುಸಯ್ಯ ಮಂತ್ರ ಹೇಳಿದ. ಕೆಸರು ಕೇಳಲಿಲ್ಲ. ಕುಡಿಕೆಗಳು ಒಂದರ ಮೇಲೊಂದು ಉರುಳಿ ಒಡೆದವು. ನೆನಪುಗಳು ಬೆಚ್ಚನೆಯ ಗಾಳಿಯಾಗಿ ಎದ್ದು, ತಮ್ಮ ತಮ್ಮವರನ್ನು ಹುಡುಕಿಕೊಂಡು ಹೊರಟವು. ಅವನು ಅಲ್ಲೇ ಮುನ್ನೂರು ವರ್ಷದ ಮುದುಕನಾದ. ಮೊಸಳೆ, ಕೊಕ್ಕರೆ, ಆಮೆ ಮೂವರೂ ಮನುಷ್ಯರಾದರು. ಹಿಂದೆ ಆ ಬಾಗಿಲುಗಳನ್ನು ಕಾಯುತ್ತಿದ್ದವರು ಅವರೇ, ಅವನ ಮಾಯೆಗೆ ಸಿಕ್ಕಿದ್ದರು. ಅವರೇ ಕನಿಕರಪಟ್ಟು ಅವನನ್ನು ಕೆಸರಿನಿಂದೆತ್ತಿ, ಬಾಗಿಲು ಮುಚ್ಚುವ ಕೆಲಸ ಕೊಟ್ಟರು.

ದ್ಯಾವಣ್ಣ ದೋಣಿಗೆ ಮರಳಿದಾಗ ಸಂಕಮ್ಮ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು. "ಕೆಸರು ಮಾಡ್ಕೊಂಡು ಬಂದೆಯಲ್ಲೋ ದ್ಯಾವ," ಅಂದಳು. "ಬಾಗಿಲು ಮುಚ್ಚಿದೆಯಾ?"

"ಮುಚ್ಚಿದೆ ಅಜ್ಜಿ."

ಮೇಲ್ಮಡುವಿನ ಸೋಪಾನದ ಮೇಲೆ ತಲೆ ನರೆತ ಹೆಂಗಸೊಬ್ಬಳು ಅಕ್ಕಿ ತೊಳೆಯುತ್ತಿದ್ದಳು. ದೋಣಿ ನೋಡಿದಳು, ದೋಣಿಯಲ್ಲಿದ್ದವಳನ್ನು ನೋಡಿದಳು, ಅಕ್ಕಿಯನ್ನು ನೀರಿಗೆ ಬಿಟ್ಟು ಎದ್ದು ನಿಂತಳು.

"ನಿಂಗಿ," ಅಂದಳು ಸಂಕಮ್ಮ, "ಇನ್ನೊಂದು ಗೆಜ್ಜೆ ಸಿಕ್ತೇನೇ?"

ಬಿಡುವು ಮುಗಿಯುವ ಹೊತ್ತಿಗೆ ಅಜ್ಜಿ ಮೊಮ್ಮಗ ಅದೇ ಬಳುಕುಗಾಲುವೆಯಲ್ಲಿ ಇಳಿದು ಬಂದರು. ಈ ಸಲ ನಿಂಗಿಯೂ ದೋಣಿಯಲ್ಲೇ ಇದ್ದಳು. ಮೇಲಿನ ಬಾಗಿಲಲ್ಲಿ ಯಾರೂ ಅಳಲಿಲ್ಲ. ಮುಂದಿನ ಬಿಡುವಿಗೆ ರಾಜರಾಣಿಯರೂ ಅದೇ ದಾರಿ ಹಿಡಿದರಂತೆ, ಆನೆಯನ್ನೂ ಕರೆದುಕೊಂಡು. ನೀರಮಾಲೆಯ ಜನರೆಲ್ಲ ನಿಧಾನವಾಗಿ, ಸುಖವಾಗಿ ಇದ್ದರು. ನಾವೂ ಹಾಗೇ ಇರೋಣ.