ಅರ್ಧ ದೋಣಿಯ ಒಡತಿ

ಈ ಕಥೆ ಹೇಳುವ ಧೈರ್ಯ ಮಾಡಿದ್ದಕ್ಕೆ ಮೊದಲೇ ಕ್ಷಮೆ ಇರಲಿ. ದೋಣಿಯ ಕೆಲಸ ಬಲ್ಲವರು ಓದಿದರೆ ಇದರಲ್ಲಿ ತಪ್ಪು ಸಿಕ್ಕೀತು. ಪ್ರೀತಿಯ ವಿಷಯ ಬಲ್ಲವರಿಗೂ ಸಿಕ್ಕೀತು. ಹೇಳದೆ ಇರೋಣವೆಂದರೆ ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿದ ಹಾಗಾಗಿದೆ... ತಪ್ಪಿದ್ದಲ್ಲಿ ತಿದ್ದಿಕೊಂಡು ಓದಿ.

ಅವಳು ಅವನಲ್ಲಿ ಮೊದಲು ನೋಡಿದ್ದು ಪಾದಗಳನ್ನು.

ಬಂದರಿನ ಕೊನೆಯ ಕಟ್ಟೆಗೆ ಕಟ್ಟಿದ್ದ ಅವಳ ಪುಟ್ಟ ಹಾಯಿದೋಣಿಯಲ್ಲಿ, ಎಂಜಿನ್ ಇಡುವ ಗೂಡಿನಿಂದ ಇಸ್ತ್ರಿ ಮಾಡಿದ ಪ್ಯಾಂಟೊಂದು ಹೊರಚಾಚಿತ್ತು. ಅದರ ತುದಿಯಲ್ಲಿ ಹೊಳೆಯುವ ಬೂಟು.

"ಯಾರ್ರೀ ಅದು? ನನ್ನ ದೋಣಿಯಲ್ಲಿ ಏನ್ ಮಾಡ್ತಿದ್ದೀರಿ?"

"ಅರ್ಧ ದೋಣಿ," ಎಂದಿತು ಗೂಡಿನೊಳಗಿನ ಧ್ವನಿ.

"ಏನಂದ್ರಿ?"

"ನಿಮ್ಮದು ಅರ್ಧ ದೋಣಿ. ಇನ್ನರ್ಧ ನಿಮ್ಮಣ್ಣ ಹೋದ ವಾರ ನನಗೆ ಮಾರಿದ್ರು. ಹೇಳಿಲ್ವಾ?"

ಹೇಳಿರಲಿಲ್ಲ. ಅಣ್ಣನ ಸ್ವಭಾವವೇ ಅದು. ಬೆಂಕಿ ಹಚ್ಚಿ ಊರು ಬಿಟ್ಟ ಮೇಲೆ ಫೋನು ಮಾಡಿ, 'ಹೊಗೆ ಬರ್ತಿದೆಯಾ?' ಎಂದು ಕೇಳುವ ಜಾತಿ.

ಹೊರಬಂದವನು ಹಲ್ಲಿನ ಡಾಕ್ಟರು. ಬಲಗೈ ಬೆರಳಿನ ಗೆಣ್ಣು ತರಚಿ ರಕ್ತ ಜಿನುಗುತ್ತಿತ್ತು. ಅಂಗಿಯ ಜೇಬಿನಲ್ಲಿ, ಬೇರೆಯವರು ಪೆನ್ನು ಸಿಕ್ಕಿಸುವ ಜಾಗದಲ್ಲಿ, ಹಲ್ಲು ನೋಡುವ ಉದ್ದ ಕಡ್ಡಿಯ ಪುಟ್ಟ ಕನ್ನಡಿ.

ಅವಳು ಹಾಯಿ ಹೊಲಿಯುವವಳು. ಬಂದರಿನವರು 'ಸೂಜಿ' ಎಂದು ಕರೆಯುತ್ತಿದ್ದರು, ಅದು ಬರೀ ಕೆಲಸ ನೋಡಿ ಇಟ್ಟ ಹೆಸರಲ್ಲ. ಆ ದೋಣಿಗೆ ಕಟ್ಟಿದ್ದು ಅವಳು ಹೊಲಿದ ಮೊಟ್ಟಮೊದಲ ಹಾಯಿ. ಒಂದು ಅಂಚಿನಲ್ಲಿ ಹೊಲಿಗೆ ಸೊಟ್ಟಗಾಗಿತ್ತು. ಎಷ್ಟೋ ಹಾಯಿ ಹೊಲಿದ ಕೈ ಆ ಸೊಟ್ಟವನ್ನು ಮಾತ್ರ ಬಿಚ್ಚಿರಲಿಲ್ಲ.

'ಈ ಬೂಟಿನ ಮನುಷ್ಯನ ಜೊತೆ ನಾನು ದೋಣಿ ಹಂಚಿಕೋಬೇಕಾ?'

ಹಂಚಿಕೊಂಡಳು. ಒಂದು ವಾರ ಅವಳಿಗೆ, ಒಂದು ವಾರ ಅವನಿಗೆ. ಜಗಳ ಮಾತ್ರ ಎಲ್ಲ ವಾರವೂ ಇಬ್ಬರಿಗೂ. ಹಗ್ಗ ಸುತ್ತಿದ್ದು ಸರಿಯಿಲ್ಲ, ಲೋಟ ತೊಳೆದಿಟ್ಟಿಲ್ಲ, ಹಾಯಿ ಒದ್ದೆ ಇರುವಾಗಲೇ ಮಡಚಿದ್ದೀರಿ... ಒಂದು ವಾರ ಜಗಳಕ್ಕೆ ಕಾರಣ ಸಿಗದಿದ್ದಾಗ ಅವಳಿಗೆ ದಿನವೇ ಸಪ್ಪೆಯೆನಿಸಿತು. ಹಾಗೆ ಯಾಕೆನಿಸಿತು ಎಂದು ಅವಳು ತನ್ನನ್ನು ಕೇಳಿಕೊಳ್ಳಲಿಲ್ಲ.

ಆಮೇಲೆ ಎಂಜಿನ್ ಕೈಕೊಡತೊಡಗಿತು.

ಒಂದು ಸಲ ಚೆನ್ನಾಗಿ ಓಡುತ್ತದೆ. ಮುಂದಿನ ಸಲ ಬಂದರಿನ ಬಾಯಿ ತಲುಪುವಷ್ಟರಲ್ಲಿ ಕೆಮ್ಮಿ, ಎರಡು ಸಲ ನಡುಗಿ, ಸತ್ತುಹೋಗುತ್ತದೆ. ಮೆಕ್ಯಾನಿಕ್ ಬಂದರೆ ಮಾತ್ರ ಸಾಧು ಬೆಕ್ಕಿನ ಹಾಗೆ ಗುರುಗುಟ್ಟುತ್ತ ನಿಲ್ಲುತ್ತದೆ. ನೀವೇ ಏನೋ ಮಾಡಿದ್ದೀರಿ ಎಂದು ಅವಳು, ನಾನೇನೂ ಮುಟ್ಟಿಲ್ಲ ಎಂದು ಅವನು.

ಒಂದು ದಿನ ಅವಳೊಬ್ಬಳೇ ಇದ್ದಾಗ, ದೊಡ್ಡ ಅಲೆಗಳ ನಡುವೆ ಎಂಜಿನ್ ನಿಂತಿತು. ಹೇಗೋ ಹಾಯಿ ಬಿಚ್ಚಿ ದೋಣಿಯನ್ನು ದಡಕ್ಕೆ ತಂದಳು. ಕಟ್ಟೆಯ ಮೇಲೆ ಅವನು ಬಿಳಿಚಿಕೊಂಡು ನಿಂತಿದ್ದ. ಹೇಗಿದ್ದೀರಿ ಎಂದು ಕೇಳಲಿಲ್ಲ. ಅವನ ಬಾಯಿಂದ ಬಂದದ್ದು ಒಂದೇ ಮಾತು.

"ಮಾರಿಬಿಡೋಣ ಇದನ್ನ."

ಅವಳು ಒದ್ದೆ ಹಗ್ಗವನ್ನು ಕಟ್ಟೆಗೆ ಬಿಗಿದಳು. 'ಇಷ್ಟೇನಾ? ಸಾಕಾಯ್ತಾ ಇವರಿಗೆ?'

"ಮಾರಿ," ಎಂದಳು. "ನನಗೇನು?"

ಹಾಗೆ ಮಾರುವ ದಿನ ಬಂತು. ಕೊಳ್ಳುವವನು ಪಕ್ಕದ ಬಂದರಿನಲ್ಲಿದ್ದ. ಮಧ್ಯಾಹ್ನದವರೆಗೆ ಮಾತ್ರ ಕಾಯುತ್ತೇನೆ, ಆಮೇಲೆ ಬೇರೆ ದೋಣಿ ನೋಡುತ್ತೇನೆ ಎಂದಿದ್ದ. ದೋಣಿ ಕೈಬಿಟ್ಟರೆ ಜಗಳವಾಡುವ ನೆಪವೂ ಹೋಗುತ್ತದೆ, ಆಮೇಲೆ ಈ ಮನುಷ್ಯನ ಮುಖ ನೋಡಬೇಕೆಂದರೆ ಹಲ್ಲು ಹುಳುಕಾಗಬೇಕು. ಅದು ಗೊತ್ತಿದ್ದೇ ಅವಳು ಹಗ್ಗ ಬಿಚ್ಚಿದಳು.

ಜೊತೆಗೆ ಅವಳ ಸೋದರತ್ತೆ. ಆಯುಷ್ಯವೆಲ್ಲ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರವರ ಲೈನು ಜೋಡಿಸಿದವಳು. ಕೊಡೆ, ಕೈಚೀಲ, ವಾಂತಿ ಬಾರದಿರಲೆಂದು ಒಂದು ನಿಂಬೆಹಣ್ಣು ಹಿಡಿದು ಹತ್ತಿದಳು.

"ನೀವ್ಯಾಕೆ ಅತ್ತೆ? ಸಮುದ್ರ ಅಂದ್ರೆ ಆಗಲ್ಲ ನಿಮಗೆ."

"ನೀವಿಬ್ಬರೇ ಹೊರಟ್ರೆ ಆ ಕಡೆ ಒಬ್ಬರೇ ತಲುಪೋದು. ಸಾಕ್ಷಿಗೆ ಒಬ್ಬರು ಬೇಡ್ವೇನೇ?"

ಬಂದರಿನ ಬಾಯಿ ಬಂತು. ಅಲೆ ತಡೆಯಲು ಕಟ್ಟಿದ ಕಲ್ಲುಗೋಡೆ ಪಕ್ಕದಲ್ಲೇ ಇತ್ತು.

ಎಂಜಿನ್ ಕೆಮ್ಮಿತು. ಎರಡು ಸಲ ನಡುಗಿತು.

"ಬೇಡ..." ಎಂದಳು ಅವಳು ಎಂಜಿನ್ನಿಗೆ. "ಇವತ್ತೊಂದು ದಿನ ಬೇಡ ಕಣೋ..."

ನಿಂತಿತು. ಗಾಳಿಯೂ ಇಲ್ಲ. ಹಾಯಿ ಒಣಹಾಕಿದ ಪಂಚೆಯಂತೆ ಜೋತುಬಿತ್ತು. ದೋಣಿ ಮೆಲ್ಲಗೆ ಕಲ್ಲುಗಳ ಕಡೆ ಜಾರತೊಡಗಿತು.

"ಲಂಗರು!"

ಇಬ್ಬರೂ ಒಟ್ಟಿಗೇ ಕೂಗಿ, ಒಟ್ಟಿಗೇ ಎದ್ದು, ಹಣೆಗೆ ಹಣೆ ಡಿಕ್ಕಿ ಹೊಡೆದುಕೊಂಡರು. ಲಂಗರು ನೀರಿಗೆ ಬಿತ್ತು. ಹಗ್ಗ ಬಿಗಿಯಿತು. ಕಲ್ಲುಗೋಡೆಗೆ ಒಂದು ದೋಣಿಯಷ್ಟು ದೂರದಲ್ಲಿ ದೋಣಿ ನಿಂತಿತು. ಅವಳು ಕೂತಲ್ಲೇ ಕಣ್ಣುಮುಚ್ಚಿ ಉಸಿರು ಬಿಟ್ಟಳು.

"ಮುಗೀತಾ? ಸಾಯಲ್ವಾ ನಾವು?" ಎಂದು ಕೇಳಿದಳು ಅತ್ತೆ.

"ಇಲ್ಲ ಅತ್ತೆ."

"ಹಾಗಾದ್ರೆ ಸರಿ. ಜಗಳ ಶುರುಮಾಡಿ."

ಅವರು ಆಗಲೇ ಶುರುಮಾಡಿದ್ದರು.

"ಟ್ಯಾಂಕಿಗೆ ಡೀಸೆಲ್ ಹಾಕಿದ್ರಾ?" ಎಂದಳು ಅವಳು.

"ತುಂಬಿದೆ. ನೀವು ಫಿಲ್ಟರ್ ಬದಲಾಯಿಸಿದ್ರಾ?"

"ಹೋದ ತಿಂಗಳೇ. ಹೊಸದು."

"ಹೊಸದು ಅಂದ್ರೆ ಸರಿಯಾಗಿದೆ ಅಂತಲ್ಲ."

"ಡಾಕ್ಟರೇ, ಹಲ್ಲು ನೋವು ಅಂತ ಬಂದವರಿಗೂ ಹೀಗೇ ಬೈತೀರಾ?"

"ಅವರು ಬಾಯಿ ತೆರೆದಿದ್ರೂ ಮಾತಾಡಲ್ಲ. ಅದೊಂದು ಸುಖ."

ಅತ್ತೆ ನಿಂಬೆಹಣ್ಣು ಮೂಸುತ್ತ ಕೇಳಿಸಿಕೊಂಡಳು. ಅವನು ಗೂಡಿಗೆ ತಲೆ ಹಾಕಿದ, ಹೊರಗೆ ಬಂದ, ಮತ್ತೆ ಹಾಕಿದ. ಡೀಸೆಲ್ ಪೈಪಿನ ತಿರುಪು ಸಡಿಲಿಸಿ, ಒಳಗೆ ಸಿಕ್ಕಿಕೊಂಡ ಗಾಳಿ ಹೊರಹಾಕಲು ನೋಡಿದ. ಗಾಳಿಯೂ ಬರಲಿಲ್ಲ, ಡೀಸೆಲೂ ಬರಲಿಲ್ಲ. ಅವಳು ಮತ್ತೆ ಮತ್ತೆ ಸ್ಟಾರ್ಟ್ ಮಾಡಿದಳು. ಎಂಜಿನ್ ಹಲ್ಲು ಕಡಿಯಿತೇ ಹೊರತು ಬಾಯಿ ಬಿಡಲಿಲ್ಲ. ಸೂರ್ಯ ನೆತ್ತಿಯತ್ತ ಏರುತ್ತಿದ್ದ. ಪಕ್ಕದ ಬಂದರಿನಲ್ಲಿ ಒಬ್ಬ ಗಡಿಯಾರ ನೋಡುತ್ತಿದ್ದ.

"ಅವನು ಹೊರಟುಹೋಗ್ತಾನೆ," ಎಂದಳು ಅವಳು.

"ಹೋಗಲಿ," ಎಂದ ಅವನು ಗೂಡಿನೊಳಗಿಂದ.

"ಹೋಗಲಿ ಅಂದ್ರೆ? ಮಾರೋಣ ಅಂದವರು ನೀವು!"

"ಒಪ್ಪಿದವರು ನೀವು."

"ನೀವು ಹೇಳಿದ ಮೇಲೆ ಇನ್ನೇನು ಮಾಡ್ಲಿ? ಕಾಲು ಹಿಡೀಲಾ? ನೋಡಿ, ನನ್ನ ಜೊತೆ ದೋಣಿ ಹಂಚಿಕೊಳ್ಳೋದು ನಿಮಗೆ ಸಾಕಾಗಿದ್ರೆ ಹಾಗೇ ಹೇಳಬಹುದಿತ್ತು. ಎಂಜಿನ್ ಮೇಲೆ ಹಾಕೋದು ಯಾಕೆ?"

ಅವನು ಹೊರಗೆ ಬಂದ. ಮೂಗಿನ ಮೇಲೆ ಎಣ್ಣೆ ಮೆತ್ತಿತ್ತು.

"ಸಾಕಾಗಿದೆಯಾ? ರೀ, ಆ ದಿನ ನೀವು ಅಲೆಗಳ ಮಧ್ಯೆ ಒಮ್ಮೆ ಕಾಣ್ತಿದ್ರಿ, ಒಮ್ಮೆ ಕಾಣ್ತಿರಲಿಲ್ಲ. ನಾನು ಕಟ್ಟೆ ಮೇಲೆ ನಿಂತು... ನನ್ನ ಕೈ ಯಾವತ್ತೂ ನಡುಗಲ್ಲ ರೀ, ನಡುಗಿದ್ರೆ ನನ್ನ ಕೆಲಸ ನಡೆಯಲ್ಲ. ಮಾರನೇ ದಿನ ನಾನು ಕ್ಲಿನಿಕ್ಕನ್ನೇ ತೆಗೀಲಿಲ್ಲ."

ಮಾತು ತೋಚದಿದ್ದಾಗ ಅವಳಿಗೆ ಸಿಟ್ಟು ಬರುತ್ತಿತ್ತು.

"ಅದನ್ನ ಅವತ್ತೇ ಹೇಳೋಕೆ ಏನಾಗಿತ್ತು? ಬಾಯಿಗೆ ಹತ್ತಿ ತುರುಕಿದ್ರಾ ಯಾರಾದ್ರೂ?"

ಆಗ ಅತ್ತೆ ಕೊಡೆಯ ತುದಿಯಿಂದ ದೋಣಿಯ ಹಲಗೆ ಕುಟ್ಟಿದಳು.

"ನನಗೆ ಯಂತ್ರ ಗೊತ್ತಿಲ್ಲ. ಆದ್ರೆ ಲೈನು ಸತ್ತರೆ ನಾವು ಮೊದಲು ನೋಡ್ತಿದ್ದದ್ದು ಪ್ಲಗ್ಗು ಹಾಕಿದೆಯಾ ಅಂತ. ಇದಕ್ಕೆ ಎಣ್ಣೆ ಬಿಡೋ ನಲ್ಲಿ ಅಂತ ಒಂದು ಇಲ್ವಾ? ಅದನ್ನ ತೆರೆದದ್ದು ಯಾರು?"

"ನಾನು," ಎಂದಳು ಅವಳು.

"ನಾನು," ಎಂದ ಅವನು.

ಒಂದು ಕಡಲಹಕ್ಕಿ ಕಲ್ಲುಗೋಡೆಯ ಮೇಲಿಂದ ಕೂಗಿ ಸುಮ್ಮನಾಯಿತು.

ಅತ್ತೆ ಹೇಳಿದ ನಲ್ಲಿ, ಅಂದರೆ ಡೀಸೆಲ್ ವಾಲ್ವ್, ಎಂಜಿನ್ನಿನ ಹಿಂದೆ, ಕಣ್ಣಿಗೆ ಕಾಣದ ಮೂಲೆಯಲ್ಲಿತ್ತು. ಅದರ ಹಿಡಿ ಯಾವತ್ತೋ ಮುರಿದುಹೋಗಿತ್ತು, ಉಳಿದದ್ದು ಮೊಂಡು ತುದಿ. ಕೈ ತೂರಿಸಿ, ತಡವಿ, ಸ್ಪ್ಯಾನರಿನಿಂದ ಕಾಲು ಸುತ್ತು ತಿರುಗಿಸಿದರೆ ತೆರೆಯುತ್ತದೆ. ಇನ್ನೊಂದು ಕಾಲು ಸುತ್ತು ತಿರುಗಿಸಿದರೆ ಮುಚ್ಚುತ್ತದೆ. ಮುಚ್ಚಿದರೂ ಪೈಪಿನಲ್ಲಿ ಉಳಿದ ಡೀಸೆಲಿನಲ್ಲಿ ಎಂಜಿನ್ ಸ್ವಲ್ಪ ಹೊತ್ತು ಓಡುತ್ತದೆ... ಸರಿಯಾಗಿ ಬಂದರಿನ ಬಾಯಿಯವರೆಗೆ.

"ನೀವ್ಯಾಕೆ ತೆರೆದ್ರಿ?" ಅವನ ಧ್ವನಿ ಸಣ್ಣಗಾಗಿತ್ತು.

"ಬೆಳಗ್ಗೆ ಬೇಗ ಬಂದು ತೆರೆದಿಟ್ಟು, ಅತ್ತೇನ ಕರ್ಕೊಂಡು ಬರೋಕೆ ಹೋದೆ. ನಿಮ್ಮ ಸರದಿ ಇದ್ದಾಗೆಲ್ಲ ಹಾಗೇ ಮಾಡ್ತೀನಿ." ಅವಳು ಹಗ್ಗದ ತುದಿ ಬಿಡಿಸುತ್ತ ಕೂತಳು. "ಮೊದಲ ದಿನ ನಿಮ್ಮ ಬೆರಳು ತರಚಿತ್ತಲ್ಲ. ಬೆರಳಿಗೆ ಗಾಯ ಆದ್ರೆ ನಿಮ್ಮ ಕೆಲಸ ನಿಲ್ಲುತ್ತೆ... ಅದಕ್ಕೆ."

ಅವನು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ.

"ನಿಮ್ಮ ಸರದಿ ದಿನ ನಾನೂ ಅದನ್ನೇ ಮಾಡ್ತಿದ್ದೆ."

"ಯಾಕೆ?"

"ಒಂದ್ಸಲ ಯಾರದೋ ಹೊಸ ಹಾಯಿಗೆ ನಿಮ್ಮ ಕೈಯ ಎಣ್ಣೆ ಹತ್ತಿ, ನೀವು ಹೊಲಿಗೆ ಮೆಷಿನ್ ಮೇಲೆ ತಲೆಯಿಟ್ಟು ಕೂತಿದ್ರಿ. ಬಾಗಿಲ ತನಕ ಬಂದವನು ವಾಪಸ್ ಹೋದೆ. ಬಿಳೀ ಬಟ್ಟೆ ಮುಟ್ಟೋ ಕೈ ಆ ಗೂಡೊಳಗೆ ಹೋಗಬಾರದು ಅಂತ..."

ಅಂದರೆ ಒಬ್ಬರು ತೆರೆದಿಟ್ಟದ್ದನ್ನು ಇನ್ನೊಬ್ಬರು ತೆರೆಯಲು ಹೋಗಿ ಮುಚ್ಚುತ್ತಿದ್ದರು. ವಾಪಸ್ ಬಂದ ಮೇಲೆ ಮುಚ್ಚಿದೆವೆಂದುಕೊಂಡು ತೆರೆದಿಟ್ಟು ಮನೆಗೆ ಹೋಗುತ್ತಿದ್ದರು. ಅದಕ್ಕೇ ಒಂದು ಸಲ ಓಡುತ್ತಿತ್ತು, ಒಂದು ಸಲ ಸಾಯುತ್ತಿತ್ತು.

ಅವನು ಜೇಬಿನಿಂದ ಪುಟ್ಟ ಕನ್ನಡಿ ತೆಗೆದ. ಗೂಡಿನೊಳಗೆ ಕೈ ಚಾಚಿ, ಹಿಂದಿನ ದವಡೆ ಹಲ್ಲು ನೋಡುವ ಹಾಗೆ ಹಿಡಿದ. ಅವಳು ಟಾರ್ಚು ಹಿಡಿದು ಅವನ ಹೆಗಲ ಮೇಲಿಂದ ಬಗ್ಗಿದಳು. ಕನ್ನಡಿಯಲ್ಲಿ ಮೊಂಡು ತುದಿ ಕಂಡಿತು. ವಾಲ್ವ್ ತೆರೆದಿದ್ದರೆ ಅದರ ಮೇಲಿನ ಗೀರು ಪೈಪಿನ ಗುಂಟ ಇರಬೇಕಿತ್ತು, ಅಡ್ಡವಾಗಿತ್ತು.

"ಮುಚ್ಚಿದೆ," ಎಂದ.

"ಮುಚ್ಚಿದೆ," ಎಂದಳು.

"ನಮ್ಮ ಎಕ್ಸ್‌ಚೇಂಜಿನಲ್ಲಿ ಎಂಥೆಂಥ ಹುಚ್ಚರ ಲೈನು ಜೋಡಿಸಿದ್ದೀನಿ," ಎಂದಳು ಅತ್ತೆ ಆಕಾಶಕ್ಕೆ. "ಇಬ್ಬರೂ ರಿಸೀವರ್ ಎತ್ತಿಕೊಂಡು, ಇಬ್ಬರೂ ಮಾತಾಡದೆ ಕೂತಿದ್ದನ್ನ ಇವತ್ತೇ ನೋಡಿದ್ದು."

ಕಾಲು ಸುತ್ತು ತಿರುಗಿಸಿದ. ತಿರುಪಿನ ಬಳಿ ಗುಳ್ಳೆ ಗುಳ್ಳೆಯಾಗಿ ಗಾಳಿ ಬಂತು, ಆಮೇಲೆ ಡೀಸೆಲ್ ಬಂತು. ಬಿಗಿ ಮಾಡಿದ. ಅವಳು ಸ್ಟಾರ್ಟ್ ಮಾಡಿದಳು. ಎಂಜಿನ್, ಏನೂ ಆಗಿಲ್ಲವೆಂಬಂತೆ, ಗುರುಗುಟ್ಟಿತು.

ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಕೊಳ್ಳುವವನು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಯಾರೂ ಕೈ ಚಾಚಲಿಲ್ಲ. ಅತ್ತೆ ಹಲಗೆಯ ಮೇಲಿದ್ದ ಫೋನು ಎತ್ತಿಕೊಂಡು, ಹಳೆಯ ಅಭ್ಯಾಸದ ಧ್ವನಿಯಲ್ಲಿ, "ಒಂದು ನಿಮಿಷ ಲೈನಿನಲ್ಲಿರಿ," ಎಂದಳು. ಅಂಗೈಯಿಂದ ಫೋನು ಮುಚ್ಚಿ ಇವರ ಕಡೆ ತಿರುಗಿದಳು.

"ಏನು ಹೇಳ್ಲಿ?"

ಹಾಯಿಯ ಸೊಟ್ಟ ಹೊಲಿಗೆ ಅವಳ ಕಣ್ಣೆದುರಿಗೇ ಇತ್ತು. ಈ ಸಲ ಸುಮ್ಮನಿದ್ದರೆ ಎಲ್ಲ ಮುಗಿಯಿತು.

"ನನ್ನ ಅರ್ಧ ಮಾರಾಟಕ್ಕಿಲ್ಲ," ಎಂದಳು.

"ನನ್ನದೂ," ಎಂದ ಅವನು.

ಅತ್ತೆ ಫೋನಿಗೆ, "ಕ್ಷಮಿಸಿ, ಲೈನು ಎಂಗೇಜ್ ಆಗಿದೆ," ಎಂದು ಇಟ್ಟುಬಿಟ್ಟಳು. ಆಮೇಲೆ ಕೊಡೆ ಬಿಚ್ಚಿ, ಅವರಿಗೆ ಬೆನ್ನು ಮಾಡಿ ಕೂತಳು.

"ನಿಮ್ಮಷ್ಟು ತಲೆ ಕೆಡಿಸೋ ಮನುಷ್ಯನ್ನ ನಾನು ನೋಡಿಲ್ಲ," ಎಂದಳು ಅವಳು. ಕಣ್ಣು ತುಂಬಿದ್ದು ಡೀಸೆಲ್ ವಾಸನೆಗೆ ಎಂದು ಅವನು ತಿಳಿದರೆ ಸಾಕಾಗಿತ್ತು.

ಅವನು ಹಾಗೆ ತಿಳಿಯಲಿಲ್ಲ. ಕರವಸ್ತ್ರ ತೆಗೆದು ಮೊದಲು ಅವಳ ಬೆರಳಿನ ಎಣ್ಣೆ ಒರೆಸಿದ. ಒಂದೊಂದೇ ಬೆರಳು, ಅವಸರವಿಲ್ಲದೆ.

"ನೀವು ಅಂದ್ರೆ ನನಗೆ ಇಷ್ಟ," ಎಂದ. "ಅವತ್ತು ಕಟ್ಟೆ ಮೇಲೆ ಹೇಳಬೇಕಾಗಿದ್ದದ್ದು ಅದು."

"ಈಗ ಹೇಳಿದ್ರಲ್ಲ."

"ಸಿಟ್ಟು ಇಳೀತಾ?"

"ಇಲ್ಲ." ಕೈ ಮಾತ್ರ ಅವಳು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. "ಇನ್ಮೇಲೆ ಆ ವಾಲ್ವ್ ಯಾರು ತೆರೀಬೇಕು?"

"ಇಬ್ಬರೂ ಒಟ್ಟಿಗೆ ಬರೋಣ. ಒಬ್ಬರು ತಿರುಗಿಸೋದು, ಒಬ್ಬರು ನೋಡೋದು."

"ಎಲ್ಲ ವಾರನೂ?"

"ಎಲ್ಲ ವಾರನೂ."

ಗಾಳಿ ಎದ್ದಿತು. ಇಬ್ಬರೂ ಸೇರಿ ಲಂಗರು ಎತ್ತಿದರು. ಹಾಯಿ ತುಂಬಿತು. ಅವಳು ಎಂಜಿನ್ ಆರಿಸಿದಳು.

ಇಷ್ಟು ನನಗೆ ಗೊತ್ತಿರುವುದು. ಒಂದು ಮಾತ್ರ ಗೊತ್ತಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಆ ಕನ್ನಡಿ ಬೆಳಗಿನಿಂದ ಅವನ ಜೇಬಿನಲ್ಲೇ ಇತ್ತು. ಕಾಣದ ಮೂಲೆ ನೋಡುವುದೇ ಅವನ ಕಸುಬು. ಕೊಳ್ಳುವವನ ಹೊತ್ತು ಮುಗಿಯುತ್ತ ಬರುವವರೆಗೆ ಅದು ಯಾಕೆ ನೆನಪಾಗಲಿಲ್ಲ? ಅವಳು ಆಗಾಗ ಕೇಳುತ್ತಾಳಂತೆ. ಮರೆತಿದ್ದೆ ಎನ್ನುತ್ತಾನಂತೆ. ನಿಜವೋ ಅಲ್ಲವೋ, ನನಗೆ ಗೊತ್ತಿಲ್ಲ.