ಬಾಗಿಲು ಬಿಟ್ಟು ಹೋದ ಕಳ್ಳ

ಗೂಡು ಇರಲಿಲ್ಲ!

ಮೇಜು ಇತ್ತು, ಮೇಲೆ ಹಾಸಿದ ಬಿಳಿ ಬಟ್ಟೆ ಇತ್ತು, ‘ಇಕುಯೊ — ಮೊದಲ ಕೆಲಸ’ ಎಂದು ಬರೆದ ಚೀಟಿಯೂ ಇತ್ತು. ಬೆಳಿಗ್ಗೆಯಿಂದ ಅದರ ಹಿಂದೆ ನಿಂತಿದ್ದ ಮೊಳದೆತ್ತರದ, ಪುಟ್ಟ ಗುಡಿಯಂಥ ಹಿನೊಕಿ ಮರದ ಗೂಡು ಮಾತ್ರ ಮಾಯವಾಗಿತ್ತು. ಶನಿವಾರ ಮಧ್ಯಾಹ್ನ ಒಂದೂ ಇಪ್ಪತ್ತು. ಊಟ ಮುಗಿಸಿ ಮೊದಲು ಮೇಲೆ ಬಂದವನು ನಾನೇ. ಸಮುದಾಯ ಭವನದ ಬೀಗದ ಕೈ ಇರುವುದೂ ನನ್ನ ಹತ್ತಿರವೇ. ಅಂದರೆ ಮೊದಲ ಅನುಮಾನ ಯಾರ ಮೇಲೆ ಬರಬೇಕೋ ಅವರ ಮೇಲೆಯೇ ಬರುವಂತಿತ್ತು.

ನಮ್ಮೂರಿನಲ್ಲಿ ಬಡಗಿಗಳಿಗೇನು ಬರವಿಲ್ಲ. ಚಿಕುಗೊ ನದಿಯ ದಂಡೆಯುದ್ದಕ್ಕೂ ಪೀಠೋಪಕರಣದ ಕಾರ್ಖಾನೆಗಳೇ. ಆದರೆ ನಮ್ಮದು ಹವ್ಯಾಸಿಗಳ ಕೂಟ. ಹೊಟ್ಟೆಪಾಡಿಗೆ ಬೇರೆ ಏನೋ ಮಾಡಿಕೊಂಡು, ಬಿಡುವಿನಲ್ಲಿ ಉಳಿ ಹಿಡಿದು ಬೆರಳು ಕೊಯ್ದುಕೊಳ್ಳುವವರು. ಮೇ ತಿಂಗಳಲ್ಲಿ ಎರಡು ದಿನ ಮಾಡಿದ್ದನ್ನೆಲ್ಲ ತಂದಿಟ್ಟು ಒಬ್ಬರಿಗೊಬ್ಬರು ತೋರಿಸುತ್ತೇವೆ. ಪ್ರತಿ ವಸ್ತುವಿನ ಪಕ್ಕ ಒಂದು ತಟ್ಟೆ. ನೋಡಿದವರು ಅನ್ನಿಸಿದ್ದನ್ನು ಚೀಟಿಯಲ್ಲಿ ಬರೆದು ಹೆಸರು ಹಾಕಿ ಅದರಲ್ಲಿಡಬೇಕು. ಅದೇ ನಮಗೆ ಬಹುಮಾನ.

ಹಿಂದಿನಿಂದ ಮೆಟ್ಟಿಲು ಹತ್ತಿ ಬಂದ ಇಕುಯೊ ಖಾಲಿ ಮೇಜನ್ನು ನೋಡಿದರು. ಪಕ್ಕದಲ್ಲಿದ್ದ ಸ್ಟೂಲಿನ ಮೇಲೆ ಕುಸಿದು ಕೂತರು. ಅದು ನಾನು ಮಾಡಿದ ಸ್ಟೂಲು. ಮುರಿದೀತೆಂದು ನನಗೆ ಇನ್ನೊಂದು ದಿಗಿಲು.

“ನಾಳೆ ಹತ್ತು ಗಂಟೆಗೆ ಪೂಜೆಗೆ ಗುರುಗಳು ಬರ್ತಾರೆ,” ಎಂದರು ಮೆಲ್ಲಗೆ.

ನಾಳೆ ಅವರ ಗಂಡ ಯೊಶಿಹಾರು ತೀರಿಕೊಂಡು ಒಂದು ವರ್ಷ. ವರ್ಷದ ಪೂಜೆಯಲ್ಲಿ ಗಂಡನ ಹೆಸರು ಬರೆದ ಪುಟ್ಟ ಹಲಗೆಯನ್ನು ಆ ಗೂಡಿನೊಳಗೆ ಇಡಬೇಕಿತ್ತು. ಅಂಗಡಿಯಲ್ಲಿ ಚಂದಚಂದದ ಗೂಡುಗಳು ಸಿಗುತ್ತವೆ. ಬೇಡವೆಂದು, ಗರಗಸವನ್ನೇ ಮುಟ್ಟಿರದ ಅರವತ್ತಾರರ ಹೆಂಗಸು ನಮ್ಮ ಕೂಟಕ್ಕೆ ಸೇರಿ ಕೆಲಸ ಕಲಿತು, ಎಂಟು ತಿಂಗಳು ಮನೆಯಲ್ಲಿ ಒಬ್ಬರೇ ಕೂತು ಅದನ್ನು ಮಾಡಿದ್ದರು. ಅಂದಿನ ಬೆಳಿಗ್ಗೆಯವರೆಗೆ ಯಾರಿಗೂ ತೋರಿಸಿರಲಿಲ್ಲ.

ನಾನು ತೊಕಿ ಅಕ್ಕನನ್ನು ಕರೆದೆ. ತೊಕಿ ನನ್ನ ದೊಡ್ಡಪ್ಪನ ಮಗಳು. ರೈಲು ನಿಲ್ದಾಣದಲ್ಲಿ ಪ್ರಯಾಣಿಕರು ಮರೆತುಹೋದ ಸಾಮಾನುಗಳನ್ನು ಕಾಯುವ ಕೌಂಟರಿನಲ್ಲಿ ಮೂವತ್ತೊಂದು ವರ್ಷ ಕೂತವಳು. ಕೊಡೆ ನೋಡಿ ಕೊಡೆಯವನ ಸ್ವಭಾವ ಹೇಳುತ್ತಾಳೆ ಎಂದು ಊರಲ್ಲಿ ಮಾತಿದೆ. ಒಮ್ಮೊಮ್ಮೆ ನಿಜವೂ ಆಗುತ್ತದೆ.

ಅಕ್ಕ ಮೇಜಿನ ಸುತ್ತ ಒಂದು ಸುತ್ತು ಬಂದಳು.

“ಸೊಕಿಚಿ, ಹಿಂದಿನ ಬಾಗಿಲು ತೆಗೆದಿಟ್ಟಿದ್ದೆಯಾ?”

“ನೆಲ ಒರೆಸಿದ್ದೆ... ಒಣಗಲಿ ಅಂತ...”

“ಭೇಷ್. ಕಾವಲಿಗೆ ಇಟ್ಟವನೇ ಕಂಡಿ ತೆಗೆದಿಟ್ಟ ಹಾಗಾಯ್ತು. ಊಟಕ್ಕೆ ಕೆಳಗೆ ಯಾರ‍್ಯಾರು ಇದ್ರು?”

“ನಾನು, ನೀನು, ಇಕುಯೊ ಅವ್ರು, ನುಕಾಗಾ. ಮದೊಕಾ ತಡವಾಗಿ ಬಂದ್ಲು. ಗೆನ್ಪಾಚಿ ಅಜ್ಜ ಯಾವತ್ತಿನ ಹಾಗೆ ಮನೆಗೆ ಹೋದ್ರು. ಊಟ, ನಿದ್ದೆ ಎಲ್ಲಾ ಮುಗಿಸಿ ಮೂರಕ್ಕೆ ಬರ‍್ತಾರೆ.”

ನುಕಾಗಾ ಪುರಸಭೆಯಿಂದ ನಿವೃತ್ತರಾದವರು. ಆರು ವರ್ಷದಿಂದ ಮರದ ಗಡಿಯಾರ ಮಾಡುತ್ತಾರೆ, ಹಲ್ಲಿನ ಚಕ್ರ ಸಮೇತ ಎಲ್ಲವೂ ಮರದ್ದೇ. ಅಕ್ಕ ಅವರ ಎದುರು ನಿಂತಳು.

“ಬೆಳಿಗ್ಗೆ ನೀವು ಏನೋ ಅಂದ್ರಂತೆ?”

“ಏನಂದೆ?”

“ಜನ ಕೆಲಸ ನೋಡಲ್ಲ, ಕಣ್ಣೀರು ನೋಡ್ತಾರೆ ಅಂತ.”

ನುಕಾಗಾ ಅವರ ಕಿವಿ ಕೆಂಪಾಯಿತು. “ಅಂದೆ. ನನ್ನ ತಟ್ಟೇಲಿ ಏಳು ಚೀಟಿ, ಆಕೆ ತಟ್ಟೇಲಿ ಮೂವತ್ತು. ಹೊಟ್ಟೆ ಉರೀತು, ಅಂದೆ. ಹೊಟ್ಟೆ ಉರಿದೋರೆಲ್ಲ ಕಳ್ಳರಾದ್ರೆ ಈ ಊರಲ್ಲಿ ಪೊಲೀಸರಿಗೆ ನಿದ್ದೆ ಇರ‍್ತಿತ್ತಾ?”

“ಊಟದ ಮಧ್ಯೆ ಎದ್ದು ಹೋದ್ರಾ?”

“ಎರಡು ಬಟ್ಟಲು ಉದೊನ್ ಶಾವಿಗೆ ತಿಂದೆ. ನೀವೇ ಬಡಿಸಿದ್ರಲ್ಲ!”

ಅದೂ ಸರಿಯೇ. ಅಕ್ಕ ಮದೊಕಾಳತ್ತ ತಿರುಗಿದಳು. ಹಲ್ಲಿನ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಮದೊಕಾ ಮರದ ಚಮಚ ಕೆತ್ತುತ್ತಾಳೆ. ಅವಳ ಹೆಗಲಲ್ಲಿ ದೊಡ್ಡ ಚೀಲವಿತ್ತು.

“ಊಟಕ್ಕೆ ಯಾಕೆ ತಡ?”

“ಫೋಟೋ ತೆಗೀತಿದ್ದೆ. ಕೂಟದ ಎಲ್ಲರಿಗೂ ಕಳಿಸ್ಬೇಕಲ್ಲ. ಗೂಡಿಂದು ಹನ್ನೆರಡೂವರೆಗೆ ತೆಗೆದೆ, ಆಗ ಇತ್ತು.”

“ಚೀಲದಲ್ಲಿ ಏನಿದೆ?”

ಮದೊಕಾ ಚೀಲವನ್ನು ನೆಲದ ಮೇಲೆ ಸುರಿದಳು. ಇಪ್ಪತ್ತು ಮೂವತ್ತು ಚಮಚಗಳು, ಒಂದು ಅನ್ನದ ಉಂಡೆ. “ಸಾಕಾ?” ಎಂದಳು. ಕಣ್ಣಲ್ಲಿ ನೀರಿತ್ತು. ಅಕ್ಕನೇ ಬಗ್ಗಿ ಒಂದೊಂದಾಗಿ ಚಮಚಗಳನ್ನು ತುಂಬಿಕೊಟ್ಟಳು. ಬಗ್ಗಿದ್ದೇ ಒಳ್ಳೆಯದಾಯಿತು — ಮೇಜಿನ ಕೆಳಗೆ, ಬಟ್ಟೆಯ ಮರೆಯಲ್ಲಿ, ಏನೋ ಒಂದು ಗಂಟು ಕಾಣಿಸಿತು.

ಬಿಚ್ಚಿದೆವು. ನೀಲಿ ಹತ್ತಿ ಬಟ್ಟೆಯೊಳಗೆ ಗೂಡಿನ ಎರಡು ಪುಟ್ಟ ಬಾಗಿಲುಗಳು! ಒಂದರ ಮೇಲೊಂದು, ಉಜ್ಜದಂತೆ ನಡುವೆ ಮಡಿಸಿದ ಕಾಗದ. ಒಂದು ಗೀರೂ ಬಿದ್ದಿರಲಿಲ್ಲ.

“ಇದೇನು?” ನುಕಾಗಾ ಬಾಯಿ ತೆರೆದರು. “ಗೂಡು ಕದ್ದು ಬಾಗಿಲು ಬಿಟ್ಟು ಹೋಗೋನು ಎಂಥ ಕಳ್ಳ?”

“ಕಳ್ಳ ಅಲ್ಲ,” ಎಂದಳು ಅಕ್ಕ. “ಮತ್ತೆ ತಂದಿಡೋನು. ಗೂಡಿಗೆ ಪೆಟ್ಟು ಕೊಡೋದಿದೆ, ಬಾಗಿಲಿಗೆ ತಾಗಬಾರದು ಅಂತ ಬಿಚ್ಚಿ ಮಲಗಿಸಿದ್ದಾನೆ. ಮಗುವನ್ನ ಮಲಗಿಸಿದ ಹಾಗೆ ಮಲಗಿಸಿದ್ದಾನೆ ನೋಡು.”

“ಪೆಟ್ಟು ಯಾಕೆ ಕೊಡ್ಬೇಕು?”

ಅಕ್ಕ ಚೀಟಿಗಳ ತಟ್ಟೆಗೆ ಕೈ ಹಾಕಿದಳು. ಇಕುಯೊ ಅವರದ್ದು ಮಾತ್ರವಲ್ಲ, ಎಲ್ಲರ ತಟ್ಟೆಯೂ ಅವಳಿಗೆ ಬೇಕಾಯಿತು. ಹತ್ತು ನಿಮಿಷ ಓದಿದಳು. ಒಮ್ಮೆ ನಕ್ಕಳು ಕೂಡ. ಆಮೇಲೆ ಮುಖ ಗಂಭೀರವಾಯಿತು.

“ಗೆನ್ಪಾಚಿ ಅಜ್ಜನ ಚೀಟಿ ಓದ್ತೀನಿ, ಕೇಳಿ. ನುಕಾಗಾ ಅವರ ಗಡಿಯಾರಕ್ಕೆ — ‘ಮುಳ್ಳಿಗಿಂತ ಧೂಳೇ ಜೋರಾಗಿ ಓಡಾಡುತ್ತಿದೆ.’ ಮದೊಕಾಗೆ — ‘ಇದರಲ್ಲಿ ಉಂಡವರು ನಿನ್ನ ಆಸ್ಪತ್ರೆಗೇ ಬರಬೇಕು.’ ಸೊಕಿಚಿ ಸ್ಟೂಲಿಗೆ — ‘ಕೂರುವ ಧೈರ್ಯವಿರುವವರಿಗೆ ನಮಸ್ಕಾರ.’”

ಎಲ್ಲರಿಗೂ ಅಭ್ಯಾಸವಾದ ಬೈಗುಳವೇ. ಗೆನ್ಪಾಚಿ ಅಜ್ಜನಿಗೆ ಎಪ್ಪತ್ತೊಂಬತ್ತು. ಅರವತ್ತು ವರ್ಷ ಜಾರುಬಾಗಿಲು, ಕಿಟಕಿ ಮಾಡಿದ ಕೈ. ನಮ್ಮ ಕೂಟದಲ್ಲಿ ಕಸುಬುದಾರರೆಂದರೆ ಅವರೊಬ್ಬರೇ, ನಮಗೆಲ್ಲ ಗುರು. ಅವರಿಂದ ಬೈಸಿಕೊಳ್ಳದ ಹಲಗೆ ಈ ಊರಲ್ಲಿಲ್ಲ.

“ಇಕುಯೊ ಅವರ ಗೂಡಿಗೆ ಏನು ಬರೆದಿದ್ದಾರೆ ಗೊತ್ತಾ?” ಅಕ್ಕ ಚೀಟಿ ಎತ್ತಿ ತೋರಿಸಿದಳು. “‘ಚೆನ್ನಾಗಿದೆ.’ ಅಷ್ಟೇ.”

“ಮೊದಲ ಕೆಲಸ ಅಲ್ವಾ? ಪಾಪ ಅಂತ...” ಎಂದೆ.

“ಪಾಪ ಅಂತ ಬಿಡೋ ಮನುಷ್ಯನಾ ಅದು? ಹೋದ ವರ್ಷ ಆರು ವರ್ಷದ ಹುಡುಗಿ ಪೆನ್ನಿನ ಡಬ್ಬಿ ಮಾಡಿದ್ಲು, ಅದಕ್ಕೂ ಬೈದಿದ್ರು. ಬೈಯೋನು ಬೈಯ್ಲಿಲ್ಲ ಅಂದ್ರೆ ತಪ್ಪು ಇಲ್ಲ ಅಂತಲ್ಲ ಸೊಕಿಚಿ. ಬಾಯಿಬಿಟ್ಟು ಹೇಳೋಕಾಗದ ತಪ್ಪು ಏನೋ ಕಂಡಿದೆ ಅಂತ. ಮದೊಕಾ, ಆ ಫೋಟೋ ತೋರ‍್ಸು.”

ಮದೊಕಾ ಫೋನಿನ ಚಿತ್ರವನ್ನು ಹಿಗ್ಗಿಸಿದಳು. ಮಾಡು, ಮೆಟ್ಟಿಲು, ಮುಂದೆ ಎರಡು ಕಂಬ. ಅಕ್ಕನಿಗೆ ಮರದ ವಿಷಯ ತಿಳಿಯದು. ನನಗೆ ಅಷ್ಟಿಷ್ಟು ತಿಳಿಯುತ್ತದೆ. ನೋಡಿದೆ. ಎಡಗಂಬದ ಮೇಲೆ ಬೆರಳಿಟ್ಟೆ.

ಸೀಳಿದ ಮರದಲ್ಲಿ ಎಳೆಗಳು ಬಿದಿರ ಕಳಲೆಯ ಸಿಪ್ಪೆಯ ಹಾಗೆ ಒಂದರೊಳಗೊಂದು ಮೊನೆಯಾಗಿ ಕಾಣುತ್ತವೆ. ಮೊನೆ ಇರುವ ಕಡೆ ಮರದ ತಲೆ. ಕಾಡಿನಲ್ಲಿ ಹೇಗೆ ನಿಂತಿತ್ತೋ ಹಾಗೆಯೇ, ಬುಡ ಕೆಳಗಾಗಿ, ಕಂಬವನ್ನು ನಿಲ್ಲಿಸಬೇಕು. ಇಲ್ಲದಿದ್ದರೆ ಆ ಮನೆಯಲ್ಲಿ ಮರ ನರಳುತ್ತದೆ, ಇರುವವರಿಗೆ ನೆಮ್ಮದಿಯಿಲ್ಲ ಎನ್ನುತ್ತಾರೆ. ಚಿತ್ರದಲ್ಲಿ ಬಲಗಂಬದ ಮೊನೆಗಳು ಮೇಲಕ್ಕಿದ್ದವು. ಎಡಗಂಬದವು ನೆಲ ನೋಡುತ್ತಿದ್ದವು.

ನಾನು ಅಕ್ಕನ ಕಿವಿಯಲ್ಲಿ ಹೇಳಿದೆ. ಅವಳು ತಲೆಯಾಡಿಸಿ ಇಕುಯೊ ಅವರ ಕೈ ಹಿಡಿದಳು. “ಬನ್ನಿ, ನಿಮ್ಮ ಗೂಡು ಸಿಕ್ಕಿತು.”

ಗೆನ್ಪಾಚಿ ಅಜ್ಜನ ಕೆಲಸದ ಕೊಟ್ಟಿಗೆ ಕಾಲುವೆಯ ಆಚೆ. ಬಾಗಿಲು ಸರಿಸಿದಾಗ ಅಜ್ಜ ಚಾಪೆಯ ಮೇಲೆ ಕೂತಿದ್ದರು. ಮುಂದೆ ಗೂಡು. ಎಡಗಂಬ ಇದ್ದ ಜಾಗದಲ್ಲಿ ಹೊಸ ಕಂಬ, ಇನ್ನೂ ಅಂಟು ಹಾಕಿರಲಿಲ್ಲ. ಹಳೆಯದು ಎರಡು ತುಂಡಾಗಿ ಸಿಪ್ಪೆಗಳ ನಡುವೆ ಬಿದ್ದಿತ್ತು. ನಮ್ಮನ್ನು ಕಂಡವರೇ ಅಜ್ಜ ಉಳಿಯನ್ನು ಕೆಳಗಿಟ್ಟರು.

“ಊಟ ಮುಗಿಯೋ ಮುಂಚೆ ತಂದಿಡ್ಬೇಕಂತಿದ್ದೆ,” ಎಂದರು. ಸದಾ ಬೈಯುವ ಆ ಗಂಟಲು ಪಿಸುಗುಟ್ಟಿದ್ದನ್ನು ನಾನು ಮೊದಲು ಕೇಳಿದ್ದು ಅಂದೇ.

ಅಕ್ಕ ಹೇಳಿದಳು, “ಬಾಗಿಲು ಬಿಚ್ಚಿಟ್ಟ ರೀತಿ ನೋಡಿ ಅರ್ಧ ಗೊತ್ತಾಯ್ತು ಅಜ್ಜ. ನಿಮ್ಮ ಹೊಗಳಿಕೆ ನೋಡಿ ಪೂರ್ತಿ ಗೊತ್ತಾಯ್ತು. ಸುಮ್ನೆ ಎರಡು ಮಾತು ಬೈದು ಬಿಟ್ಟಿದ್ರೆ ನಾನು ನಿಮ್ಮ ಕಡೆ ತಿರುಗಿಯೂ ನೋಡ್ತಿರ‍್ಲಿಲ್ಲ.”

ಅಜ್ಜ ಇಕುಯೊ ಅವರ ಮುಖ ನೋಡಲಿಲ್ಲ. ಚಾಪೆಗೆ ಹಣೆ ಹಚ್ಚಿದರು. “ನಾಳೆ ನಿಮ್ಮ ಮೈದುನ ಬರ‍್ತಾನೆ. ದೇವಸ್ಥಾನ ಕಟ್ಟೋ ಬಡಗಿ ಅವನು, ಕಣ್ಣಿಗೆ ಬಿದ್ದೇ ಬೀಳುತ್ತೆ. ಅಣ್ಣನ್ನ ತಲೆಕೆಳಗು ಕಂಬದ ಮನೇಲಿ ಕೂರಿಸಿದಾಳೆ ಅಂತ ಎಲ್ಲರ ಮುಂದೆ ಅಂದ್ರೆ? ಎಂಟು ತಿಂಗಳ ಕೆಲಸ... ಹೇಳೋಕೆ ಬಾಯಿ ಬರ‍್ಲಿಲ್ಲ. ನಿಮಗೂ ಗೊತ್ತಾಗದ ಹಾಗೆ ತಿರುಗಿಸಿ ಇಡೋಣ ಅಂತಿದ್ದೆ. ನೀವು ಅಂಟು ಹಾಕಿದ್ರಿ, ಕೊಯ್ಯಬೇಕಾಯ್ತು, ತಡವಾಯ್ತು. ಇದು ಕಿಸೊ ಬೆಟ್ಟದ ಹಿನೊಕಿ, ಮೂವತ್ತು ವರ್ಷದಿಂದ ಅಟ್ಟದ ಮೇಲಿತ್ತು. ಇದಕ್ಕಿಂತ ಒಳ್ಳೇದು ನನ್ನ ಹತ್ರ ಇಲ್ಲ.”

ಇಕುಯೊ ಮಂಡಿಯೂರಿ ಕೂತು ಕೊಯ್ದ ಎರಡು ತುಂಡುಗಳನ್ನು ಮಡಿಲಿಗೆ ತೆಗೆದುಕೊಂಡರು.

“ನನಗೆ ಗೊತ್ತಿತ್ತು ಅಜ್ಜ,” ಎಂದರು.

ಅಜ್ಜ ತಲೆ ಎತ್ತಿದರು.

“ನೀವೇ ಕಲಿಸಿದ್ರಲ್ಲ, ಬುಡ ಕೆಳಗೆ ಅಂತ. ಬೇಕಂತಲೇ ಹಾಗೆ ನಿಲ್ಲಿಸಿದ್ದೆ. ಮದುವೆಯಾದ ಹೊಸದರಲ್ಲಿ ನಾವಿಬ್ರೂ ನಿಕ್ಕೊ ದೇವಸ್ಥಾನಕ್ಕೆ ಹೋಗಿದ್ವಿ. ಅಲ್ಲಿನ ಹೆಬ್ಬಾಗಿಲಲ್ಲಿ ಒಂದೇ ಒಂದು ಕಂಬದ ಚಿತ್ತಾರ ತಲೆಕೆಳಗು. ಪೂರ್ತಿ ಮುಗಿದದ್ದು ಮುಗಿದ ದಿನದಿಂದಲೇ ಹಾಳಾಗುತ್ತೆ, ಅದಕ್ಕೆ ಸ್ವಲ್ಪ ಬಾಕಿ ಉಳಿಸಿದಾರೆ ಅಂತ ಇವ್ರು ಹೇಳಿದ್ರು.” ಮಡಿಲಿನ ತುಂಡುಗಳನ್ನು ಒಂದಕ್ಕೊಂದು ಜೋಡಿಸಿ ಹಿಡಿದರು. “ನಾಳೆ ಒಂದು ವರ್ಷ ಆಗುತ್ತೆ. ಎಲ್ಲರೂ ಮುಗೀತು, ಮುಗೀತು ಅಂತಾರೆ. ನನಗೆ ಮುಗೀಬಾರದು ಅನ್ನಿಸ್ತು.”

ಅಕ್ಕ ನನ್ನ ಕಡೆ ನೋಡಿದಳು. ಕಳ್ಳನನ್ನು ಹಿಡಿದ ಸಂತೋಷ ಅವಳ ಮುಖದಲ್ಲಿ ಒಂದಿಷ್ಟೂ ಉಳಿದಿರಲಿಲ್ಲ. ಅಜ್ಜ ತುಂಡುಗಳನ್ನು ನೋಡಿದರು, ತಮ್ಮ ಕೈಗಳನ್ನು ನೋಡಿದರು. ಆ ಕಂಬವನ್ನು ಕೂಡಿಸುವ ವಿದ್ಯೆ ಯಾರಲ್ಲೂ ಇರಲಿಲ್ಲ.

ಕೊನೆಗೆ ಅಜ್ಜ ಕೊಡತಿ ತೆಗೆದುಕೊಂಡು ತಮ್ಮ ಹೊಸ ಕಂಬವನ್ನು ಮೆಲ್ಲಗೆ ಹೊರಗೆ ತಟ್ಟಿದರು. ಮೊನೆಗಳು ನೆಲ ನೋಡುವಂತೆ ಅದನ್ನು ತಿರುಗಿಸಿ ಹಿಡಿದರು. ಅರವತ್ತು ವರ್ಷದಲ್ಲಿ ಅವರು ಒಂದು ಮರವನ್ನೂ ಹಾಗೆ ಹಿಡಿದಿರಲಿಲ್ಲ.

“ಹೀಗಾ?” ಎಂದು ಕೇಳಿದರು.

“ಹೂಂ, ಹೀಗೇ,” ಎಂದರು ಇಕುಯೊ.

ಮಾರನೆಯ ದಿನ, ಪ್ರದರ್ಶನವನ್ನು ಮಧ್ಯಾಹ್ನಕ್ಕೆ ಮುಂದೂಡಿ, ಹತ್ತು ಗಂಟೆಗೆ ಎಲ್ಲರೂ ಇಕುಯೊ ಅವರ ಮನೆಯಲ್ಲಿ ಸೇರಿದೆವು. ಮುಂದಿನ ಸಾಲಿನಲ್ಲಿ ನೆಂಟರು, ಹಿಂದೆ ಗೋಡೆಗೆ ಒತ್ತಿಕೊಂಡು ನಾವು. ಅಜ್ಜ ಎಲ್ಲರಿಗಿಂತ ಹಿಂದೆ, ಚಪ್ಪಲಿ ಬಿಡುವ ಜಾಗದ ಪಕ್ಕ ಕೂತಿದ್ದರು. ಗುರುಗಳು ಮಂತ್ರ ಶುರುಮಾಡುವ ಮೊದಲು ಮೈದುನ ಗೂಡಿನ ಹತ್ತಿರ ಬಗ್ಗಿದ. ಬಗ್ಗಿದವನು ಎದ್ದೇಳಲಿಲ್ಲ. ಹುಬ್ಬು ಗಂಟಾಯಿತು.

“ಅತ್ತಿಗೆ,” ಎಂದ, ಇಡೀ ಕೋಣೆಗೆ ಕೇಳುವಂತೆ. “ಈ ಎಡಗಂಬ ಯಾವನು ನಿಲ್ಲಿಸಿದ್ದು? ಇದು...”

“ನಾನು.”

ಎಲ್ಲರೂ ಹಿಂತಿರುಗಿದರು. ಗೆನ್ಪಾಚಿ ಅಜ್ಜ ಎದ್ದು ನಿಂತಿದ್ದರು. ಊರಿನ ಅರ್ಧ ಬಾಗಿಲುಗಳನ್ನು ಮಾಡಿದ ಮನುಷ್ಯ, ಬಡಗಿಯ ಮಕ್ಕಳೂ ಮಾಡದ ತಪ್ಪನ್ನು ಒಬ್ಬ ದೇವಸ್ಥಾನದ ಬಡಗಿಯ ಮುಂದೆ ತಮ್ಮದೆಂದು ಹೇಳುತ್ತಿದ್ದರು.

“ನಾನೇ ನಿಲ್ಲಿಸಿದ್ದು. ಅದು ಹಾಗೇ ಇರ‍್ಬೇಕು. ಏನಾದ್ರೂ ಅನ್ನೋದಿದ್ರೆ ನನಗೆ ಅನ್ನಿ, ಆಕೆಗೆ ಬೇಡ.”

ಮೈದುನ ಅವರನ್ನೂ ಕಂಬವನ್ನೂ ನೋಡಿ ಹಿಂದೆ ಸರಿದು ತನ್ನ ಜಾಗದಲ್ಲಿ ಕೂತ. ಇಕುಯೊ ಗಂಡನ ಹೆಸರಿನ ಹಲಗೆಯನ್ನು ಒಳಗಿಟ್ಟರು. ಆಮೇಲೆ ನೆಂಟರನ್ನೆಲ್ಲ ಸ್ವಲ್ಪ ಸರಿಯಲು ಹೇಳಿ, ತಮ್ಮ ಪಕ್ಕದಲ್ಲೇ ಕೂರಲು ಒಂದು ಮೆತ್ತೆ ಹಾಕಿದರು.

“ಅಜ್ಜ, ಅಲ್ಲಿ ಯಾಕೆ ನಿಂತಿದ್ದೀರಿ? ಮುಂದೆ ಬಂದು ಕೂತ್ಕೊಳ್ಳಿ.”