ಬಾಯಿ ಬಿಡದ ಲಾಸ್ಮಿ ಮತ್ತು ಜೊಳ್ಳಿನ ಮಾಂತ್ರಿಕ

ಬಹಳ ಹಿಂದೆ, ಉಪ್ಪು ನೀರಿನ ಆಚೆ, ಹಿಡಿ ಕಾಳು ಎರಚಿದ ಹಾಗೆ ದ್ವೀಪಗಳು ಬಿದ್ದಿರುವ ಕಡೆ ಒಂದು ರಾಜ್ಯವಿತ್ತು. ಆ ರಾಜ್ಯದ ಒಂದು ಮೂಲೆಯಲ್ಲಿ ತಿರ್ತಾಸೆಲ ಅಂತ ಒಂದು ಊರು. ಅಂಥದೊಂದು ಊರಿದೆ ಅಂತ ರಾಜನಿಗೇ ಗೊತ್ತಿರಲಿಲ್ಲ. ಅಲ್ಲಿಯ ಅನ್ನ ತಿಂದು ಹೊಟ್ಟೆ ಬೆಳೆಸಿದ್ದ, ಅದು ಬೇರೆ ಮಾತು.

ಊರಿನ ಹಿಂದೆ ಹೊಗೆಯಾಡುವ ಬೆಟ್ಟ. ಬೆಟ್ಟದಿಂದ ಊರವರೆಗೆ ಮೆಟ್ಟಿಲು ಮೆಟ್ಟಿಲಾಗಿ ಗದ್ದೆ. ಬಿದಿರ ಕೊಳವೆಯಲ್ಲಿ ನೀರು ಒಂದು ಗದ್ದೆಯಿಂದ ಇನ್ನೊಂದಕ್ಕೆ ಇಳಿಯುತ್ತಿತ್ತು. ಮೂಡಲಿಗೆ ಮಡಕೆ ಮಾಡುವವರ ಊರು, ಪಡುವಲಿಗೆ ತಾಳೆಬೆಲ್ಲ ಕಾಯಿಸುವವರ ಊರು. ಮಡಕೆಯವರಿಗೆ ಜಂಬ, ಬೆಲ್ಲದವರಿಗೆ ಸಿಹಿ ಮಾತು ಜಾಸ್ತಿ, ತಿರ್ತಾಸೆಲದವರಿಗೆ ಇವರಿಬ್ಬರನ್ನೂ ಆಡಿಕೊಳ್ಳುವುದೇ ಕೆಲಸ. ಅಲ್ಲಿ ಹಿರಿಯ ಗಂಡಸರನ್ನು ಪಾ ಅಂತಲೂ ಹಿರಿಯ ಹೆಂಗಸರನ್ನು ಬು ಅಂತಲೂ ಕರೆಯಬೇಕು. ಕರೆಯದಿದ್ದರೆ ಮೂತಿ ಊದಿಸಿಕೊಳ್ಳುತ್ತಾರೆ.

ಆ ಊರಲ್ಲಿ ಭತ್ತವನ್ನು ಕುಡುಗೋಲಿನಿಂದ ಕೊಯ್ಯುವಂತಿಲ್ಲ. ತೆನೆಯಲ್ಲಿ ತೆನೆಯಮ್ಮ ಇರುತ್ತಾಳೆ, ಅವಳು ಬಲು ಅಂಜುಬುರುಕಿ, ಅಲಗು ಕಂಡರೆ ಓಡಿಹೋಗುತ್ತಾಳೆ. ಅದಕ್ಕೇ ಹೆಂಗಸರು ಹೆಬ್ಬೆರಳಿನಷ್ಟು ಚಿಕ್ಕ ಚಾಕುವನ್ನು ಅಂಗೈಯಲ್ಲಿ ಅಡಗಿಸಿಕೊಂಡು, ಒಂದೊಂದೇ ತೆನೆಯ ಕುತ್ತಿಗೆ ಸವರಿ, ಅವಳಿಗೆ ಗೊತ್ತೇ ಆಗದ ಹಾಗೆ ಕೊಯ್ಯುತ್ತಿದ್ದರು. ಗದ್ದೆಯಲ್ಲಿ ಗಟ್ಟಿಯಾಗಿ ಮಾತಾಡುವಂತಿಲ್ಲ. ಕೆಟ್ಟ ಮಾತಂತೂ ಆಡುವಂತೆಯೇ ಇಲ್ಲ. ಕೊನೆಗೆ ತೆನೆಯ ಎರಡು ಕಟ್ಟುಗಳಿಗೆ ಬಟ್ಟೆ ಸುತ್ತಿ, ಮದುಮಗಳು ಮದುಮಗ ಅಂತ ಹೆಸರಿಟ್ಟು, ಕಣಜದಲ್ಲಿ ಕೂರಿಸುತ್ತಿದ್ದರು. ಅವರಿಬ್ಬರ ನಡುವೆ ತೆನೆಯಮ್ಮ ವರ್ಷವಿಡೀ ಮಲಗಿರುತ್ತಿದ್ದಳು.

ಹೀಗಿರುವಾಗ ಒಂದು ಸುಗ್ಗಿಯಲ್ಲಿ, ಬೆಳಗಾಗಿ ನೋಡಿದರೆ, ಮೇಲಿನ ಮೆಟ್ಟಿಲಿನ ಗದ್ದೆ ಬೋಳು. ಕೂಳೆ ಮೊಳಕಾಲಿಗಿಂತ ಕೆಳಗಿದೆ. ಚಿಕ್ಕ ಚಾಕು ತೆನೆಯನ್ನಷ್ಟೇ ತೆಗೆಯುತ್ತದೆ, ಹುಲ್ಲು ನಿಂತೇ ಇರುತ್ತದೆ. ಇದು ಕುಡುಗೋಲಿನ ಕೆಲಸ ಅಂತ ಎಳೆ ಮಗುವೂ ಹೇಳಬಹುದಿತ್ತು. ಹೆಂಗಸರು ಕೆಳಗಿನ ಗದ್ದೆಯ ತೆನೆ ಹಿಸುಕಿದರು, ಜೊಳ್ಳು. ಅದರ ಕೆಳಗಿನದು ಹಿಸುಕಿದರು, ಅದೂ ಜೊಳ್ಳು. ಇಡೀ ಬೆಟ್ಟದ ಬಂಗಾರದ ಬಣ್ಣದ ಭತ್ತದಲ್ಲಿ ಒಂದು ಅಕ್ಕಿಕಾಳಿಲ್ಲ. ತೆನೆಯಮ್ಮ ಹೊರಟುಹೋಗಿದ್ದಳು.

ಯಾರು ಮಾಡಿದ್ದು? ಊರಿಗೆಲ್ಲ ಗೊತ್ತಿತ್ತು. ಊರ ಯಜಮಾನ ಪಾ ವಿರ್ಯೋ. ತಲೆ ಹಣ್ಣಾಗಿತ್ತು, ಮನೆಯಲ್ಲಿ ಬು ಸರ್ನಿಯಂಥ ಹೆಂಡತಿ ಇದ್ದಳು, ಆದರೂ ಬೆಲ್ಲದೂರಿನ ಸುಲಿಂದ್ರಿ ಅನ್ನುವ ಹಾಡುಗಾತಿಯ ಮೇಲೆ ಮನಸ್ಸಾಗಿತ್ತು. ಅವಳ ವಯಸ್ಸು ಅವನ ಕೊನೆಯ ಮಗಳಿಗಿಂತ ಕಡಿಮೆ. ಕೊಯ್ಲು ಮುಗಿಯದೆ ಆ ಊರಲ್ಲಿ ಮದುವೆ ಇಲ್ಲ. ಮುದುಕನಿಗೋ ತಡೆಯಲಾಗದು. ಆಗ ಸಂತೆಗೆ ಬಂದ ಒಬ್ಬ ಬಡಕಲು ವ್ಯಾಪಾರಿ ಅವನ ಕಿವಿಯಲ್ಲಿ, 'ಪಾ, ಇದು ಇದ್ದರೆ ಇಡೀ ಊರಿನ ಗದ್ದೆ ನಾಳೆಯೇ ಮುಗಿಯುತ್ತದೆ' ಅಂತ ಹೇಳಿ ಒಂದು ಕುಡುಗೋಲು ಕೊಟ್ಟಿದ್ದ. ಮುದುಕ ಜನ ಏಳುವ ಮೊದಲೇ ಹೋಗಿ ಒಂದು ಗದ್ದೆ ಕೊಯ್ದ. ಹುಟ್ಟಿದಾರಭ್ಯ ಕುಡುಗೋಲು ಹಿಡಿದವನಲ್ಲ, ಹೆಬ್ಬೆರಳು ಸೀಳಿಕೊಂಡ. ಅರಿಶಿನ ಮೆತ್ತಿ ಬಟ್ಟೆ ಸುತ್ತಿಕೊಂಡು, 'ಮೀನಿನ ಮುಳ್ಳು ತಾಗಿತು' ಅಂತ ಊರೆಲ್ಲ ಹೇಳಿಕೊಂಡು ಬಂದ. ಮೀನಿನ ಮುಳ್ಳಿಗೆ ಯಾರಾದರೂ ಅಷ್ಟು ದೊಡ್ಡ ಬಟ್ಟೆ ಸುತ್ತುತ್ತಾರೆಯೇ?

ಎಲ್ಲರೂ ಆ ಹೆಬ್ಬೆರಳು ನೋಡಿದರು. ಒಬ್ಬರೂ ಬಾಯಿ ಬಿಡಲಿಲ್ಲ. ಸುಗ್ಗಿಯಲ್ಲಿ ಕೆಟ್ಟ ಮಾತಾಡಬಾರದಲ್ಲ, ಅದೊಂದು ನೆಪ ಸಿಕ್ಕಿತು.

ಪಾ ವಿರ್ಯೋ ಸಭೆ ಸೇರಿಸಿದ. ಕೊಯ್ಲಿನ ಹೆಂಗಸರಿಗೆ ಮುಂದಾಳಾಗಿದ್ದ ತಾರ್ಸಿಯ ಕಡೆ ಬೆರಳು ಮಾಡಿದ. ತಾರ್ಸಿ ಗಂಡ ಸತ್ತವಳು, ಮಡಕೆಯೂರಿನಿಂದ ಬಂದವಳು. 'ಅವಳ ತವರಿನಲ್ಲಿ ಹುಲ್ಲಿಗೆ ಕುಡುಗೋಲು ಹಾಕುತ್ತಾರೆ. ಇವಳೇ ತಂದದ್ದು. ಮುಂದಿನ ಸಂತೆಯ ದಿನ ಇವಳನ್ನು ಬೆಟ್ಟದ ಮಾಂತ್ರಿಕನಿಗೆ ಆಳಾಗಿ ಒಪ್ಪಿಸೋಣ. ಆಗ ಕಾಳು ತುಂಬುತ್ತದಂತೆ, ತಿಳಿದವರು ಹೇಳಿದ್ದಾರೆ' ಅಂದ. ತಿಳಿದವರು ಯಾರು ಅಂದರೆ ಅದೇ ಬಡಕಲು ವ್ಯಾಪಾರಿ.

ತಾರ್ಸಿಗೆ ಒಬ್ಬಳೇ ಮಗಳು, ಲಾಸ್ಮಿ. ಆ ಹುಡುಗಿಗೆ ಅನ್ನ ಸೇರಲಿಲ್ಲ. ನೀರಿನ ಕೊಳವೆಯ ಹತ್ತಿರ ಬಿಂದಿಗೆ ತುಂಬಿ ಹರಿಯುತ್ತಿದ್ದರೂ ನೋಡುತ್ತಾ ನಿಂತಿದ್ದಳು. ಆಗ ಯಜಮಾನನ ಹೆಂಡತಿ ಬು ಸರ್ನಿ ಬಂದಳು. ಆಚೆ ಈಚೆ ನೋಡಿ, ಸೆರಗು ಬಾಯಿಗಿಟ್ಟುಕೊಂಡು ಹೇಳಿದಳು:

'ತೆನೆಯಮ್ಮ ಬೆಟ್ಟದ ಕಡೆ ಓಡಿದಳು ಕಣೆ. ಅಲ್ಲಿ ಕೊಸೊಂಗ ಅನ್ನುವ ಮಾಂತ್ರಿಕ ಅವಳನ್ನು ಹಿಡಿದಿಟ್ಟಿದ್ದಾನೆ. ನಾನು ಹೇಳಿದೆ ಅಂತ ಹೇಳಬೇಡ.'

'ಬು, ಕುಡುಗೋಲು ಯಾರದು ಅಂತ ನಿಮಗೆ ಗೊತ್ತಲ್ಲವೇ?'

'ನನಗೇನು ಗೊತ್ತು. ಮನೆಯಲ್ಲಿ ಕೂತವಳು ನಾನು' ಅಂದವಳೇ ಬಿಂದಿಗೆ ಕೂಡ ತುಂಬದೆ ಹೊರಟುಹೋದಳು.

ಲಾಸ್ಮಿ ಮನೆಗೆ ಬಂದು ಬೆಟ್ಟಕ್ಕೆ ಹೋಗುತ್ತೇನೆ ಅಂತ ಹಟ ಹಿಡಿದಳು. ತಾರ್ಸಿ ತನ್ನ ಚಿಕ್ಕ ಚಾಕುವನ್ನು ಮಗಳ ಅಂಗೈಯಲ್ಲಿಟ್ಟು ಬೆರಳು ಮಡಚಿದಳು. 'ಹೋಗಲೇಬೇಕು ಅಂದರೆ ಗದ್ದೆಗೆ ಹೋಗುವ ಹಾಗೆ ಹೋಗು. ಅಲಗು ತೋರಿಸಬೇಡ. ಗಟ್ಟಿಯಾಗಿ ಮಾತಾಡಬೇಡ. ಒಂದೇ ಸಲಕ್ಕೆ ಎಲ್ಲದಕ್ಕೂ ಕೈ ಹಾಕಬೇಡ. ತಡವಾದರೆ ನನ್ನ ಯೋಚನೆ ಬಿಡು.'

'ತಡ ಮಾಡುವುದಿಲ್ಲಮ್ಮ' ಅಂದಳು ಲಾಸ್ಮಿ.

ಹೋದಳು, ಹೋದಳು. ಬಿದಿರ ಮೆಳೆ ಸಿಕ್ಕಿತು. ಮೆಳೆಯೊಳಗಿಂದ ಬೂದಿ ಬಣ್ಣದ ಹುಲಿ ಎದ್ದು ಬಂತು. ಅದರ ಕುತ್ತಿಗೆಯಲ್ಲಿ ಕರಿ ಹಗ್ಗ.

'ಕಬ್ಬಿಣದ ವಾಸನೆ' ಅಂತು ಹುಲಿ. 'ಅಲಗು ಎತ್ತಿದವರನ್ನು ತಿನ್ನು ಅಂತ ನನ್ನ ಒಡೆಯನ ಅಪ್ಪಣೆ. ಎತ್ತು ನೋಡೋಣ.'

ಲಾಸ್ಮಿಗೆ ಎತ್ತಲೇ ಅನ್ನಿಸಿತು. ಅಮ್ಮನ ಮಾತು ನೆನಪಾಯಿತು. ಚಾಕುವನ್ನು ಅಂಗೈಯಲ್ಲೇ ಅಡಗಿಸಿಕೊಂಡು ಮೆಲ್ಲಗೆ ಹತ್ತಿರ ಹೋದಳು, ತೆನೆ ಸವರುವ ಹಾಗೆ ಹುಲಿಯ ಕುತ್ತಿಗೆ ಸವರಿದಳು. 'ಹೆದರಬೇಡಮ್ಮ, ನೋಯುವುದಿಲ್ಲ' ಅಂತ ಪಿಸುಗುಟ್ಟಿದಳು. ಹುಲಿಗೆ ಗೊತ್ತಾಗುವ ಮೊದಲೇ ಹಗ್ಗ ತುಂಡಾಗಿ ಕೆಳಗೆ ಬಿತ್ತು.

ಹುಲಿ ಬಿದ್ದ ಹಗ್ಗವನ್ನು ಮೂಸಿತು. 'ನನಗೆ ಹೆದರಬೇಡ ಅಂತ ಹೇಳಿದವರು ನೀನೊಬ್ಬಳೇ' ಅಂತು. 'ನೀನು ಬರುವವರೆಗೆ ಇಲ್ಲೇ ಕಾಯುತ್ತೇನೆ.'

ಹೋದಳು, ಹೋದಳು. ಕುದಿಯುವ ಹೊಳೆ ಸಿಕ್ಕಿತು. ಅದರ ಮೇಲೆ ಬಿದಿರ ಸೇತುವೆ, ಸೇತುವೆಯ ಎರಡೂ ಕಡೆ ಬಾಯಿ ತೆರೆದ ಕಲ್ಲಿನ ಮನುಷ್ಯರು. ಕಂಬದ ಮೇಲೆ ಒಂದು ಮೈನಾ ಕೂತಿತ್ತು. ಅದರ ಮಾತಿಗೆ ಯಾರು ಉತ್ತರ ಕೊಟ್ಟರೂ ಕಲ್ಲಾಗುತ್ತಿದ್ದರು. ಆ ತೆರೆದ ಬಾಯಿಗಳನ್ನು ನೋಡಿಯೇ ಲಾಸ್ಮಿಗೆ ಅರ್ಥವಾಯಿತು.

ಮೈನಾ ಪಕ್ಕದ ಮನೆಯವಳ ದನಿಯಲ್ಲಿ, 'ನಿಮ್ಮಮ್ಮ ಮಡಕೆಯೂರಿನಿಂದ ಯಾಕೆ ಓಡಿಬಂದಳು, ಹೇಳಲೇ?' ಅಂತು. ಲಾಸ್ಮಿ ನಡೆದಳು. ಪಾ ವಿರ್ಯೋನ ದನಿಯಲ್ಲಿ, 'ನಿನ್ನ ಮೂಗು ನಿಮ್ಮಪ್ಪನ ಮೂಗಲ್ಲ, ಬೆಲ್ಲ ಮಾರುವವನ ಮೂಗು' ಅಂತು. ಇಂಥ ಮಾತಿಗೆ ಸುಮ್ಮನಿರುವವರು ಯಾರಿದ್ದಾರೆ? ಅಲ್ಲಿ ಕಲ್ಲಾದ ಅರ್ಧ ಜನ ಇಂಥ ಮಾತಿಗೇ ಕಲ್ಲಾದವರು. ಲಾಸ್ಮಿ ತುಟಿ ಕಚ್ಚಿ ನಡೆದಳು. ಕೊನೆಗೆ ಅದು ತಾರ್ಸಿಯ ದನಿಯಲ್ಲೇ ಕರೆಯಿತು: 'ಲಾಸ್ಮಿ, ನನ್ನನ್ನು ಎಳೆದುಕೊಂಡು ಹೋಗುತ್ತಿದ್ದಾರೆ. ಒಂದು ಸಲ ಓ ಅನ್ನೆ.'

ತುಟಿಯಿಂದ ರಕ್ತ ಬಂತು. ಓ ಅನ್ನಲಿಲ್ಲ. ಆಚೆ ದಡ ಸೇರಿದಳು.

ಹೋದಳು, ಹೋದಳು. ಬೆಟ್ಟದ ತುದಿಯಲ್ಲಿ ಬೂದಿಯ ಗದ್ದೆ, ಅದರಲ್ಲಿ ಬಂಗಾರದ ತೆನೆ. ಬದುವಿನ ಮೇಲೆ ಕೊಸೊಂಗ ಕೂತಿದ್ದ. ಕೊಸೊಂಗ ಅಂದರೆ ಅವರ ಮಾತಿನಲ್ಲಿ ಪೊಳ್ಳು. ಅವನು ಥೇಟ್ ಹಾಗೇ ಇದ್ದ, ಮೇಲೆ ಹೊಳಪು, ಒಳಗೆ ಏನೂ ಇಲ್ಲ. ಆ ಬಡಕಲು ವ್ಯಾಪಾರಿ ಇವನೇ. ಕಾಳಿನ ಜೀವ ಹೀರಿ ಬದುಕುವವನು.

'ಈ ತೆನೆಗಳಲ್ಲಿ ಒಂದರಲ್ಲಿ ನಿಮ್ಮ ತೆನೆಯಮ್ಮ ಇದ್ದಾಳೆ' ಅಂದ. 'ಬಿಸಿಲು ಈ ಗದ್ದೆ ದಾಟುವುದರೊಳಗೆ ತೆಗೆದುಕೊಂಡರೆ ನಿನ್ನವಳು. ಇಲ್ಲದಿದ್ದರೆ ನೀನೂ ನಿಮ್ಮಮ್ಮನೂ ನನ್ನ ಆಳುಗಳು. ತಗೋ, ಕುಡುಗೋಲು. ಒಂದು ಬೀಸಿಗೆ ಮುಗಿಯುತ್ತದೆ.'

ಕುಡುಗೋಲು ಫಳಫಳ ಹೊಳೆಯುತ್ತಿತ್ತು. ಅದನ್ನು ಬೀಸಿದರೆ ತೆನೆಯಮ್ಮ ಎರಡು ತುಂಡು. ಲಾಸ್ಮಿ ಅದನ್ನು ಮುಟ್ಟಲಿಲ್ಲ. ಒಂದು ತೆನೆ ಸವರಿದಳು, 'ಅಮ್ಮ, ಮನೆಗೆ ಹೋಗೋಣವೇ' ಅಂದಳು. ಜೊಳ್ಳು. ಇನ್ನೊಂದು ಸವರಿದಳು, 'ಅಮ್ಮ, ಮನೆಗೆ ಹೋಗೋಣವೇ.' ಜೊಳ್ಳು. ಬಿಸಿಲು ಅರ್ಧ ಗದ್ದೆ ದಾಟಿತು. ಇವಳು ಒಂದು ಮೂಲೆಯನ್ನೂ ಮುಗಿಸಿರಲಿಲ್ಲ. ಕೊಸೊಂಗ ಹಲ್ಲು ಕಿರಿಯುತ್ತಿದ್ದ. ಅವಳ ಬೆನ್ನಲ್ಲಿ ಬೆವರು ಇಳಿಯುತ್ತಿತ್ತು, ಕೈ ಮಾತ್ರ ಅವಸರ ಮಾಡಲಿಲ್ಲ. ಬಿಸಿಲು ಕೊನೆಯ ಬದು ಮುಟ್ಟುವಾಗ, ಮಾರು ದೂರದಲ್ಲಿದ್ದ ಒಂದು ತೆನೆ ತಾನಾಗಿಯೇ ಬಾಗಿ ಬಂದು ಅವಳ ಅಂಗೈಯಲ್ಲಿ ತಲೆಯಿಟ್ಟಿತು. ಬೆಚ್ಚಗಿತ್ತು, ಮಗುವಿನ ತಲೆಯ ಹಾಗೆ. ಲಾಸ್ಮಿ ಅದಕ್ಕೆ ಗೊತ್ತೇ ಆಗದ ಹಾಗೆ ಕುತ್ತಿಗೆ ಸವರಿ ಕೊಯ್ದಳು.

ಕೊಸೊಂಗನ ಮುಖ ಸುಟ್ಟ ಬದನೆಕಾಯಿಯಾಯಿತು. 'ಒಯ್ಯು. ಆದರೆ ಅವಳು ಕಣಜ ಸೇರುವವರೆಗೆ ನಿನ್ನ ಬಾಯಿಂದ ಒಂದು ಮಾತು ಬಿದ್ದರೂ ಅವಳು ತಿರುಗಿ ನನ್ನವಳು. ನಾನೂ ಸಂತೆಗೆ ಬರುತ್ತೇನೆ, ನೋಡೋಣ.'

ಲಾಸ್ಮಿ ತೆನೆಯನ್ನು ಎದೆಯ ಬಟ್ಟೆಯಲ್ಲಿ ಮುಚ್ಚಿಕೊಂಡು ಓಡಿದಳು. ಸೇತುವೆ ದಾಟಿದಳು. ಮೆಳೆಯಲ್ಲಿ ಹುಲಿ ಬೆನ್ನು ಕೊಟ್ಟಿತು. ಅಷ್ಟಾದರೂ ಊರು ಮುಟ್ಟುವಾಗ ಸಂತೆ ಸೇರಿಬಿಟ್ಟಿತ್ತು. ಕಣಜದ ಏಣಿಯ ಬುಡದಲ್ಲೇ ತಾರ್ಸಿಯ ಕೈಗೆ ಹಗ್ಗ ಬಿಗಿದು ನಿಲ್ಲಿಸಿದ್ದರು. ಬಡಕಲು ವ್ಯಾಪಾರಿ ಆಗಲೇ ಬಂದು, ಚಾಪೆ ಹಾಸಿ, ಏನೂ ತಿಳಿಯದವನ ಹಾಗೆ ಕೂತಿದ್ದ.

ಪಾ ವಿರ್ಯೋ ಏಣಿಗೆ ಅಡ್ಡ ನಿಂತ. 'ಎಲ್ಲಿ ಹೋಗಿದ್ದೆ? ಹೇಳು.'

ಲಾಸ್ಮಿ ಬಾಯಿ ಬಿಡಲಿಲ್ಲ.

'ನಿಮ್ಮಮ್ಮ ಅಲ್ಲ ಅಂದರೆ ಮತ್ತೆ ಯಾರು? ಹೆಸರು ಹೇಳು, ಈಗಲೇ ಹಗ್ಗ ಬಿಚ್ಚುತ್ತೇನೆ.'

ಹೆಸರು ನಾಲಗೆಯ ತುದಿಯಲ್ಲಿತ್ತು. ಹೇಳಿದರೆ ಅಮ್ಮ ಉಳಿಯುತ್ತಾಳೆ, ಊರು ಉಪವಾಸ. ಹೇಳದಿದ್ದರೆ ಊರು ಉಳಿಯುತ್ತದೆ, ಅಮ್ಮ ಬೆಟ್ಟಕ್ಕೆ.

'ಒಂದು ಮಾತಮ್ಮ' ಅಂದ ವ್ಯಾಪಾರಿ, ಬೆಲ್ಲ ಸುರಿಯುವ ದನಿಯಲ್ಲಿ. 'ಹೆತ್ತವಳಿಗಾಗಿ ಒಂದೇ ಒಂದು ಮಾತು.'

ಲಾಸ್ಮಿಯ ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯಿತು. ತಾರ್ಸಿ ಮಗಳ ಎದೆಗವಚಿದ ಕೈ ನೋಡಿದಳು. ತೆನೆ ಹಿಡಿದ ಕೈ ಹೇಗಿರುತ್ತದೆ ಅಂತ ಅವಳಿಗೆ ಗೊತ್ತಿಲ್ಲವೇ? 'ಸುಮ್ಮನಿರು ಮಗಳೆ' ಅಂದಳು. 'ನಾನು ಹೋಗುತ್ತೇನೆ. ನೀನು ಏಣಿ ಹತ್ತು.'

'ಮಾತಿಲ್ಲ ಅಂದರೆ ಒಪ್ಪಿದ ಹಾಗೆ. ಎಳೆಯಿರಿ ಇವಳನ್ನು' ಅಂದ ಪಾ ವಿರ್ಯೋ.

ಹಗ್ಗ ಬಿಗಿಯಿತು. ತಾರ್ಸಿ ಎರಡು ಹೆಜ್ಜೆ ಎಡವಿದಳು. ಆಗ ಹೆಂಗಸರ ಗುಂಪಿನಿಂದ ಬು ಸರ್ನಿ ಮುಂದೆ ಬಂದಳು. ಸೆರಗು ಬಾಯಿಗೆ ಅಡ್ಡ ಇರಲಿಲ್ಲ.

'ಅವಳನ್ನು ಬಿಡಿ. ಮೊದಲು ಈ ನನ್ನ ಗಂಡನ ಹೆಬ್ಬೆರಳ ಬಟ್ಟೆ ಬಿಚ್ಚಿ ನೋಡಿ. ಆ ಮುಳ್ಳಿರುವ ಮೀನು ನನ್ನ ಹಾಸಿಗೆಯ ಕೆಳಗಿದೆ. ಅದಕ್ಕೆ ಮರದ ಹಿಡಿಯೂ ಇದೆ.'

ಪಾ ವಿರ್ಯೋ, 'ಏನೇ, ಗಂಡನ ಮರ್ಯಾದೆ' ಅಂತ ಶುರುಮಾಡಿದ.

'ಮರ್ಯಾದೆಯನ್ನು ಬೆಲ್ಲದೂರಿನ ಜಗಲಿಯಲ್ಲಿ ಬಿಟ್ಟು ಬಂದಿದ್ದೀರಿ. ಅಲ್ಲೇ ಹೋಗಿ ಹುಡುಕಿ.'

ಒಬ್ಬಳು ಬಾಯಿ ಬಿಟ್ಟಿದ್ದೇ ತಡ, ಎಲ್ಲರೂ ಬಾಯಿ ಬಿಟ್ಟರು. 'ನಾನೂ ನೋಡಿದ್ದೆ.' 'ಅವತ್ತು ಬೆಳಗ್ಗೆ ಅಂಗಿಯಲ್ಲಿ ರಕ್ತವಿತ್ತು.' 'ಹುಲ್ಲು ತಲೆಯಲ್ಲಿ ಸಿಕ್ಕಿಕೊಂಡಿತ್ತು, ನಾನೇ ತೆಗೆದೆ.' ಹಗ್ಗ ಹಿಡಿದ ಗಂಡಸರು ನಾಚಿ ಹಗ್ಗ ಕೆಳಗೆ ಹಾಕಿದರು. ವ್ಯಾಪಾರಿ ಚಾಪೆ ಮಡಚತೊಡಗಿದ. ಏಣಿ ಖಾಲಿಯಾಯಿತು.

ಲಾಸ್ಮಿ ಹತ್ತಿದಳು. ಮದುಮಗಳು ಮದುಮಗನ ನಡುವೆ ತೆನೆಯನ್ನು ಮಲಗಿಸಿ, ಬಟ್ಟೆ ಹೊದಿಸಿದಳು.

ಮಳೆ ಇಲ್ಲದೆ ಮಳೆಯ ಸದ್ದು ಬಂತು. ಬೆಟ್ಟದ ಉದ್ದಕ್ಕೂ, ಮೆಟ್ಟಿಲು ಮೆಟ್ಟಿಲಾಗಿ, ಜೊಳ್ಳಿನೊಳಗೆ ಕಾಳು ತುಂಬುವ ಸದ್ದು ಅದು. ತೆನೆಗಳು ಭಾರವಾಗಿ ತಲೆಬಾಗಿದವು. ಸಂತೆಯಲ್ಲಿ ಮೊರ ಮಾರುವ ಹೆಂಗಸೊಬ್ಬಳು ಸುಮ್ಮನೆ ಮೊರ ಕೊಡವಿದಳು, ಕೊಸೊಂಗ ಆ ಗಾಳಿಗೇ ಎದ್ದು, ಹೊಟ್ಟಿನ ಹಾಗೆ ತೇಲಿ, ಉಪ್ಪು ನೀರಿನ ಕಡೆ ಹಾರಿಹೋದ. ಸೇತುವೆಯ ಕಲ್ಲುಗಳು ಮನುಷ್ಯರಾಗಿ, ಅರ್ಧಕ್ಕೆ ನಿಂತ ಮಾತು ಮುಗಿಸಿ, ಮನೆಗೆ ಬಂದರು.

ಲಾಸ್ಮಿ ಏಣಿ ಇಳಿದಳು. ತಾರ್ಸಿ ಅವಳ ಒಡೆದ ತುಟಿ ಸವರಿ, 'ಊಟ ಮಾಡಿದೆಯಾ?' ಅಂದಳು.

'ಇಲ್ಲಮ್ಮ' ಅಂದಳು ಲಾಸ್ಮಿ. 'ತುಂಬಾ ಹಸಿವು.'

ಸುಲಿಂದ್ರಿ ಈ ಸುದ್ದಿ ಕೇಳಿ ನಕ್ಕು, ತನ್ನ ಹಾಡಿಗೆ ಗಂಟೆ ಬಾರಿಸುವ ಹುಡುಗನನ್ನೇ ಮದುವೆಯಾದಳು. ಅವರಿಬ್ಬರ ನಡುವೆ ಮೊದಲಿನಿಂದಲೂ ಏನೋ ಇತ್ತು ಅನ್ನುತ್ತಾರೆ. ಪಾ ವಿರ್ಯೋ ತಾರ್ಸಿಯ ಕಾಲಿಗೆ ಬಿದ್ದ. ಯಜಮಾನಿಕೆ ಹೋಯಿತು, ಅದು ಬು ಸರ್ನಿಗೆ ಬಂತು. ಅವನು ಹೆಂಗಸರ ಜೊತೆ ಚಿಕ್ಕ ಚಾಕು ಹಿಡಿದು, ಎಲ್ಲರಿಗಿಂತ ನಿಧಾನವಾಗಿ ಕೊಯ್ದು, ಬದು ಹತ್ತಿದ ಮೇಲೆ ಬೈಸಿಕೊಳ್ಳುತ್ತಿದ್ದ. ಹುಲಿ ಬಿದಿರ ಮೆಳೆಯಲ್ಲೇ ಉಳಿದು ಗದ್ದೆಯ ಹಂದಿ ಓಡಿಸಿತು. ಎಲ್ಲರ ಮಡಕೆಯಲ್ಲೂ ಅನ್ನ ಕುದಿಯಿತು, ಎಲ್ಲರೂ ಸುಖವಾಗಿದ್ದರು.

ಅವತ್ತಿನಿಂದ ತಿರ್ತಾಸೆಲದಲ್ಲಿ ಇನ್ನೊಂದು ಪದ್ಧತಿ ಸೇರಿತು. ಗದ್ದೆಗೆ ಇಳಿದ ಮೇಲೆ ಈಗಲೂ ಯಾರೂ ಗಟ್ಟಿಯಾಗಿ ಮಾತಾಡುವುದಿಲ್ಲ. ಆದರೆ ಇಳಿಯುವ ಮೊದಲು ಎಲ್ಲರೂ ಬದುವಿನ ಮೇಲೆ ಸಾಲಾಗಿ ನಿಲ್ಲುತ್ತಾರೆ. ಯಾರ ಮನೆಯಲ್ಲಿ ಏನಾಯಿತು, ಯಾರು ಯಾರ ಹಿಂದೆ ಹೋದರು, ಯಾರ ಹೆಬ್ಬೆರಳಿಗೆ ಯಾಕೆ ಬಟ್ಟೆ, ಎಲ್ಲವನ್ನೂ ಗಟ್ಟಿಯಾಗಿ ಆಡಿ ಮುಗಿಸುತ್ತಾರೆ. ಒಂದೊಂದು ವರ್ಷ ಅದೇ ಮಧ್ಯಾಹ್ನದವರೆಗೆ ನಡೆಯುತ್ತದೆ. ಆಮೇಲೆ ಚಾಕುವನ್ನು ಅಂಗೈಯಲ್ಲಿ ಅಡಗಿಸಿಕೊಂಡು, ಬಾಯಿ ಮುಚ್ಚಿ, ಗದ್ದೆಗೆ ಇಳಿಯುತ್ತಾರೆ.